ಕೇರಿಯ ಚರ್ಚ್, ಕೇರಿಯ ಶಾಲೆ: ಆಳಂದ–ಅಫಜಲಪುರ–ಜೇವರ್ಗಿ ಸೀಮೆಯ ಗ್ರಾಮ ಚರ್ಚ್‌ಗಳ ಹಿನ್ನೆಲೆ

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳ ಹೆಸರೆತ್ತಿದರೆ ಮೊದಲು ನೆನಪಾಗುವುದು ಆಳಂದದ ಲಾಡ್ಲೆ ಮಶಾಯಕ್ ದರ್ಗಾ, ಭೀಮಾ–ಅಮರ್ಜಾ ಸಂಗಮದ ಗಾಣಗಾಪುರ ದತ್ತ ಕ್ಷೇತ್ರ ಹಾಗೂ ಶರಣ ಪರಂಪರೆಯ ಮಠಗಳು. ಇವುಗಳ ನಡುವೆ, ಊರಿನ ಅಂಚಿನ ಕೇರಿಗಳಲ್ಲಿ, ಒಂದೇ ಕೋಣೆಯ ಚಿಕ್ಕ ಚರ್ಚ್‌ಗಳೂ ಇವೆ. ಅವುಗಳಿಗೆ ಗೋಪುರವಿಲ್ಲ, ಶಿಲಾಶಾಸನವಿಲ್ಲ. 2011ರ ಜನಗಣತಿಯಂತೆ ಜಿಲ್ಲೆಯಲ್ಲಿ ಕ್ರೈಸ್ತರ ಪ್ರಮಾಣ ಶೇ. 1ನ್ನೂ ಮುಟ್ಟುವುದಿಲ್ಲ. ಆದ್ದರಿಂದ ಅವುಗಳ ಇತಿಹಾಸವನ್ನು ಕೇಳಿದವರೂ ಕಡಿಮೆ, ಬರೆದವರೂ ಕಡಿಮೆ. ಆದರೆ ಅಕ್ಷರದಿಂದ ದೂರವಿಡಲ್ಪಟ್ಟಿದ್ದ ಜನರಿಗೆ ಈ ಪುಟ್ಟ ಕಟ್ಟಡಗಳು ಪ್ರಾರ್ಥನಾಲಯ ಮಾತ್ರವಾಗಿರಲಿಲ್ಲ; ಶಾಲೆಯೂ ಆಗಿದ್ದವು, ಅವರ ಹೆಸರು ಬರೆದಿಟ್ಟ ಮೊದಲ ಕಚೇರಿಯೂ ಆಗಿದ್ದವು.

ಸುಲ್ತಾನರ ಕಾಲದ ಬೇರು

ಕ್ರೈಸ್ತ ಧರ್ಮವು ಬ್ರಿಟಿಷರೊಂದಿಗೆ ಬಂದಿತೆಂಬ ನಂಬಿಕೆ ಸಾಮಾನ್ಯವಾಗಿದೆ. ಈ ಸೀಮೆಯ ಮಟ್ಟಿಗೆ ಅದು ಸರಿಯಲ್ಲ. ನೆರೆಯ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಮುದಗಲ್‌ನಲ್ಲಿರುವ ರೋಮನ್ ಕ್ಯಾಥೊಲಿಕ್ ಚರ್ಚ್ 1557ರ ಕಾಲದ್ದೆಂದು ಪ್ರಸಿದ್ಧವಾಗಿದೆ. ಗೋವಾದಿಂದ ಬಂದ ಜೆಸ್ವಿಟ್ ಪಾದ್ರಿಗಳು ಅದನ್ನು ಸ್ಥಾಪಿಸಿದರು. ಕರ್ನಾಟಕದ ಒಳನಾಡಿನ ಅತಿ ಹಳೆಯ ಚರ್ಚ್‌ಗಳಲ್ಲಿ ಅದೂ ಒಂದು. ಆಗಿನ್ನೂ ಈಸ್ಟ್ ಇಂಡಿಯಾ ಕಂಪನಿಯೇ ಹುಟ್ಟಿರಲಿಲ್ಲ. 1565ರ ತಾಳಿಕೋಟೆ ಯುದ್ಧವೂ ನಡೆದಿರಲಿಲ್ಲ.

ಭೀಮೆಯಿಂದ ಕೃಷ್ಣೆಯವರೆಗಿನ ಈ ಪ್ರದೇಶ ವಿಜಾಪುರದ ಆದಿಲ್‌ಶಾಹಿಗಳ ಪ್ರಭಾವಕ್ಕೆ ಒಳಪಟ್ಟಿತ್ತು. ಒಂದನೇ ಅಲಿ ಆದಿಲ್‌ಶಾಹನು ಪರಧರ್ಮಗಳ ವಿಚಾರದಲ್ಲಿ ಕುತೂಹಲಿ. 1561ರಲ್ಲಿ ಗೋವಾದ ಪಾದ್ರಿಗಳನ್ನು ತನ್ನ ದರಬಾರಿಗೆ ಕರೆಸಿಕೊಂಡು ಚರ್ಚಿಸಿದ್ದನು. ಇಂದಿಗೂ ಮುದಗಲ್ ಎಂದರೆ ಹಿಂದೂ–ಮುಸ್ಲಿಮರು ಕೂಡಿ ಆಚರಿಸುವ ಮೊಹರಂ ನೆನಪಾಗುತ್ತದೆ. ಅದೇ ಊರಿನಲ್ಲಿ ನಾಲ್ಕೂವರೆ ಶತಮಾನಗಳಿಂದ ಕ್ರೈಸ್ತ ಕುಟುಂಬಗಳು ಬಾಳಿಕೊಂಡು ಬಂದಿರುವುದು ಆಕಸ್ಮಿಕವೇನಲ್ಲ.

ರೈಲುಹಾದಿಯ ಹಿಂದೆ ಬಂದ ಮಿಷನ್

ನಮ್ಮ ಮೂರು ತಾಲ್ಲೂಕುಗಳ ಕೇರಿಗಳಲ್ಲಿ ಕಾಣುವ ಚರ್ಚ್‌ಗಳಲ್ಲಿ ಹಲವು ಈ ಹಳೆಯ ಕ್ಯಾಥೊಲಿಕ್ ಬೇರಿನವಲ್ಲ. ಅವು ನಿಜಾಮರ ಆಳ್ವಿಕೆಯ ಕಾಲದ ಪ್ರಾಟೆಸ್ಟೆಂಟ್ ಕವಲಿಗೆ ಸೇರಿದವು. 1871ರಲ್ಲಿ ಮುಂಬಯಿ ಕಡೆಯ ರೈಲುಮಾರ್ಗವು ಕಲಬುರಗಿಯನ್ನು ಹಾದು ರಾಯಚೂರಿನಲ್ಲಿ ಮದರಾಸಿನ ಮಾರ್ಗವನ್ನು ಕೂಡಿತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಆರಂಭವಾಯಿತು. ಅದೇ ದಶಕದಲ್ಲಿ ಅಮೆರಿಕದ ಮೆಥೋಡಿಸ್ಟ್ ಬೋಧಕ ವಿಲಿಯಂ ಟೇಲರ್ ಮುಂಬಯಿ ಮೊದಲಾದ ನಗರಗಳಲ್ಲಿ ಸಭೆಗಳನ್ನು ಕಟ್ಟುತ್ತಿದ್ದನು. ಆ ಸಭೆಗಳ ಕೆಲಸ ರೈಲುಹಾದಿಯ ಗುಂಟ ಹರಡಿ, 19ನೇ ಶತಮಾನದ ಕೊನೆಯ ದಶಕಗಳಲ್ಲಿ ಕಲಬುರಗಿ, ಬೀದರ್ ಕಡೆಯ ಹಳ್ಳಿಗಳನ್ನು ತಲುಪಿತು.

ಈ ಮೂರು ತಾಲ್ಲೂಕುಗಳ ಭೌಗೋಳಿಕ ಸ್ಥಾನ ವಿಶೇಷವಾದದ್ದು. ಪೂರ್ವಕ್ಕೆ ಕಲಬುರಗಿಯ ಮೆಥೋಡಿಸ್ಟರು. ಪಶ್ಚಿಮಕ್ಕೆ, ಅಕ್ಕಲಕೋಟೆಯ ಆಚೆ, ಸೊಲ್ಲಾಪುರದಲ್ಲಿ ಮರಾಠಿಯಲ್ಲಿ ಬೋಧಿಸುತ್ತಿದ್ದ ಅಮೆರಿಕನ್ ಮರಾಠಿ ಮಿಷನ್. ಭೀಮೆಯ ಆಚೆ ವಿಜಾಪುರದಲ್ಲಿ ಕನ್ನಡದ ಬಾಸೆಲ್ ಮಿಷನ್. ಬಾಸೆಲ್ ಮಿಷನ್‌ನ ಸಭೆಗಳು ಮುಂದೆ ದಕ್ಷಿಣ ಭಾರತ ಸಭೆಯನ್ನೂ, ಮರಾಠಿ ಮಿಷನ್‌ನ ಸಭೆಗಳು 1970ರಲ್ಲಿ ರಚನೆಯಾದ ಉತ್ತರ ಭಾರತ ಸಭೆಯನ್ನೂ ಸೇರಿದವು. ಮೆಥೋಡಿಸ್ಟರು ಎರಡನ್ನೂ ಸೇರದೆ ಉಳಿದು, 1981ರಲ್ಲಿ 'ಭಾರತದ ಮೆಥೋಡಿಸ್ಟ್ ಚರ್ಚ್' ಎಂಬ ಸ್ವಾಯತ್ತ ಸಂಸ್ಥೆಯಾದರು. ಕ್ಯಾಥೊಲಿಕರಿಗೆ ಕಲಬುರಗಿಯೇ ಕೇಂದ್ರವಾಗಿ ಪ್ರತ್ಯೇಕ ಧರ್ಮಪ್ರಾಂತ್ಯ ರಚನೆಯಾದದ್ದು 2005ರಲ್ಲಿ. ಒಂದೇ ಸೀಮೆಯಲ್ಲಿ ಬೇರೆ ಬೇರೆ ಹೆಸರಿನ ಚರ್ಚ್‌ಗಳಿರುವುದಕ್ಕೆ ಇದೇ ಕಾರಣ.

ಹಗಲು ಶಾಲೆ, ಸಂಜೆ ಪ್ರಾರ್ಥನೆ

ಮಿಷನ್‌ಗೆ ಹತ್ತಿರವಾದವರು ಬಹುಪಾಲು ಅಸ್ಪೃಶ್ಯತೆಯ ನೋವುಂಡ ಸಮುದಾಯಗಳವರು. 1876–78ರ ಮಹಾಕ್ಷಾಮ, ನಂತರ 1896ರಿಂದ 1900ರ ನಡುವಿನ ಬರಗಳು ದಖ್ಖಣವನ್ನು ನಲುಗಿಸಿದ್ದವು. ಜಹಗೀರುಗಳ ಹಳ್ಳಿಗಳಲ್ಲಿ ಬಿಟ್ಟಿ ಚಾಕರಿ ರೂಢಿಯಲ್ಲಿತ್ತು. ಇಂಥ ಸ್ಥಿತಿಯಲ್ಲಿ ಅನ್ನ, ಔಷಧಗಳಷ್ಟೇ ಅವರನ್ನು ಸೆಳೆದವೆಂದು ಹೇಳಿದರೆ ಅರ್ಧ ಸತ್ಯವಾದೀತು. ಕೇರಿಗೆ ಬಂದು, ನೆಲದ ಮೇಲೆ ಜೊತೆಗೆ ಕುಳಿತು, ಮಕ್ಕಳಿಗೆ ಅಕ್ಷರ ತಿದ್ದಿಸಿದ ಉಪದೇಶಿಯ ನಡತೆಯೂ ಅಷ್ಟೇ ಮುಖ್ಯವಾಗಿತ್ತು.

ಮೆಥೋಡಿಸ್ಟರ ಹಳ್ಳಿಯ ವ್ಯವಸ್ಥೆಯಲ್ಲಿ ಸಭಾಪಾಲಕ ಮತ್ತು ಶಾಲಾ ಮಾಸ್ತರ ಅನೇಕ ಕಡೆ ಒಬ್ಬನೇ ಆಗಿರುತ್ತಿದ್ದನು. ಹಗಲು ಮಕ್ಕಳು ಪಾಟಿ ಹಿಡಿದು ಕೂರುತ್ತಿದ್ದ ಕೋಣೆಯಲ್ಲೇ ಸಂಜೆ ಹೊಲದಿಂದ ಬಂದ ಹಿರಿಯರು ಕೂಡುತ್ತಿದ್ದರು. ಇಲ್ಲಿ ಭಾಷೆಯ ವಿಚಾರ ಗಮನಾರ್ಹ. ನಿಜಾಮರ ರಾಜ್ಯದಲ್ಲಿ ಆಡಳಿತದ ಭಾಷೆ ಉರ್ದು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನಾ ಮಾಧ್ಯಮವೂ ಉರ್ದುವೇ. ಕನ್ನಡ ಶಾಲೆಗಳು ವಿರಳವಾಗಿದ್ದ ಆ ಕಾಲದಲ್ಲಿ ಚರ್ಚ್‌ನೊಳಗಿನ ಓದು ಮತ್ತು ಹಾಡು ಕನ್ನಡದಲ್ಲಿ ನಡೆಯುತ್ತಿದ್ದವು. ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರ ಶ್ರಮದಿಂದ 1831ರಲ್ಲೇ ಸಂಪೂರ್ಣ ಬೈಬಲ್ ಕನ್ನಡಕ್ಕೆ ಬಂದಿತ್ತು. ಅಕ್ಷರ ಕಲಿತ ಕೇರಿಯ ಎಷ್ಟೋ ಮನೆಗಳಲ್ಲಿ ಮೊದಲ ಕನ್ನಡ ಪುಸ್ತಕ ಅದೇ ಆಗಿತ್ತು.

ವೈದ್ಯಕೀಯ ಸೇವೆಯೂ ಇದರೊಂದಿಗೆ ಬೆಳೆಯಿತು. ಯಾದಗಿರಿಯಲ್ಲಿ ಮೆಥೋಡಿಸ್ಟರು ಕಟ್ಟಿದ ಹೋಲ್ಸ್ಟನ್ ಆಸ್ಪತ್ರೆ ಹಳೆಯ ತಲೆಮಾರಿಗೆ ಚಿರಪರಿಚಿತ. ಅದರ ಬಾಗಿಲು ಕ್ರೈಸ್ತರಿಗಷ್ಟೇ ಅಲ್ಲ, ಎಲ್ಲರಿಗೂ ತೆರೆದಿತ್ತು.

ಜಾತ್ರೆ, ಭಜನೆ, ಸುಗ್ಗಿ

ನಾಡಿನ ನಡುವೆ ಬೆಳೆದ ಚರ್ಚ್ ನಾಡಿನ ರೀತಿನೀತಿಗಳನ್ನೇ ತನ್ನದಾಗಿಸಿಕೊಂಡಿತು. ವಿಕಾರಾಬಾದ್ ಬಳಿಯ ಧಾರೂರಿನಲ್ಲಿ 1923ರಿಂದ ಪ್ರತಿ ನವೆಂಬರ್‌ನಲ್ಲಿ ನಡೆಯುವ ಮೆಥೋಡಿಸ್ಟರ ಸಮಾವೇಶಕ್ಕೆ 'ಜಾತ್ರೆ' ಎಂದೇ ಹೆಸರು. ಅಲ್ಲಿಗೆ ತೆಲುಗರಷ್ಟೇ ಅಲ್ಲ, ಗಡಿಯ ಈಚೆಯ ಕನ್ನಡಿಗರೂ ಹೋಗುತ್ತಾರೆ. ಹಳ್ಳಿಯ ಚರ್ಚ್‌ನಲ್ಲಿ ಪೇಟಿ, ತಬಲಾ, ತಾಳಗಳೊಂದಿಗೆ ಭಜನೆ ನಡೆಯುತ್ತದೆ. ಸುಗ್ಗಿಯ ಆರಾಧನೆಗೆ ಜೋಳ, ತೊಗರಿಗಳ ಮೊದಲ ಫಲ ಕಾಣಿಕೆಯಾಗಿ ಬರುತ್ತದೆ. ಪುಣೆ, ಮುಂಬಯಿ, ಬೆಂಗಳೂರುಗಳಿಗೆ ದುಡಿಯಲು ಹೋದವರು ಕ್ರಿಸ್‌ಮಸ್‌ಗೆ ಊರಿಗೆ ಮರಳುತ್ತಾರೆ. ಮದುವೆಯ ಮಾತುಕತೆ, ಮನಸ್ತಾಪಗಳ ರಾಜಿ, ಹೊಸ ಹಂಗಾಮಿನ ಯೋಜನೆ, ಎಲ್ಲವೂ ಆ ಕೆಲವೇ ದಿನಗಳಲ್ಲಿ ಚರ್ಚ್‌ನ ಅಂಗಳದಲ್ಲಿ ನಡೆಯುತ್ತವೆ.

ದಾಖಲೆಯ ಪ್ರಶ್ನೆ

ಪ್ರತಿ ಚರ್ಚ್‌ನಲ್ಲಿ ದೀಕ್ಷಾಸ್ನಾನ, ಮದುವೆ ಮತ್ತು ಸಮಾಧಿಯ ರಿಜಿಸ್ಟರ್‌ಗಳಿರಬೇಕು. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆಯ ಪ್ರಕಾರ ಮದುವೆಯ ದಾಖಲೆಗೆ ಕಾನೂನಿನ ಮಾನ್ಯತೆ ಇದೆ. ಭೂಮಿಯಿಲ್ಲದವರ ಹೆಸರು ಪಹಣಿಯಲ್ಲಿ ಇರುವುದಿಲ್ಲ. ಶಾಲೆಗೆ ಹೋಗದವರ ಹೆಸರು ಹಾಜರಿ ಪುಸ್ತಕದಲ್ಲಿ ಇರುವುದಿಲ್ಲ. ಅಂಥ ಕುಟುಂಬದ ಮುತ್ತಜ್ಜನ ಹೆಸರು ಉಳಿದಿದ್ದರೆ ಅದು ಈ ರಿಜಿಸ್ಟರ್‌ನಲ್ಲೇ.

ಈ ದಾಖಲೆಗೆ ಇನ್ನೊಂದು ಮುಖವೂ ಇದೆ. 1950ರ ಪರಿಶಿಷ್ಟ ಜಾತಿಗಳ ಆದೇಶವು ಹಿಂದೂಗಳಿಗಷ್ಟೇ ಆ ಸ್ಥಾನವನ್ನು ನೀಡಿತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಲಾಯಿತು. ಕ್ರೈಸ್ತರು ಹೊರಗೇ ಉಳಿದರು. ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರು ಹಿಂದುಳಿದ ವರ್ಗಗಳ ಪ್ರವರ್ಗ-1ರಲ್ಲಿದ್ದಾರೆ. ಈ ಪ್ರಶ್ನೆಯ ಪರಿಶೀಲನೆಗೆಂದು ಕೇಂದ್ರ ಸರ್ಕಾರವು 2022ರ ಅಕ್ಟೋಬರ್‌ನಲ್ಲಿ ನಿವೃತ್ತ ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಅವರ ಆಯೋಗವನ್ನು ನೇಮಿಸಿತು. ಹೀಗಾಗಿ ಚರ್ಚ್‌ನ ಪುಸ್ತಕದಲ್ಲಿ ಹೆಸರು ಬರೆಸುವುದು ಬಡ ಕುಟುಂಬಕ್ಕೆ ಕೇವಲ ಭಕ್ತಿಯ ವಿಷಯವಲ್ಲ. ಮಕ್ಕಳ ವಿದ್ಯಾರ್ಥಿವೇತನ, ನೌಕರಿಗಳ ಲೆಕ್ಕವೂ ಅದರ ಹಿಂದೆ ನಿಂತಿರುತ್ತದೆ. ಭಾನುವಾರ ಚರ್ಚ್‌ಗೆ ಬಂದರೂ ಕಾಗದದಲ್ಲಿ ಹಿಂದೂ ಎಂದೇ ಉಳಿದವರು ಇರುವುದರ ಕಾರಣವನ್ನು ಇಲ್ಲಿ ಹುಡುಕಬೇಕು. ಅಂಥವರು ಜನಗಣತಿಯಲ್ಲಿ ಕ್ರೈಸ್ತರ ಲೆಕ್ಕಕ್ಕೆ ಬರುವುದಿಲ್ಲ.

ಮೆಥೋಡಿಸ್ಟ್ ಪದ್ಧತಿಯಲ್ಲಿ ಸಭಾಪಾಲಕರು ವರ್ಗವಾಗುತ್ತಲೇ ಇರುತ್ತಾರೆ. ಆದ್ದರಿಂದ ಊರಿನ ಚರ್ಚ್‌ನ ನೆನಪು ಉಳಿಯುವುದು ಹಿರಿಯರಲ್ಲಿ ಮತ್ತು ಟ್ರಂಕಿನಲ್ಲಿಟ್ಟ ಕಾಗದಗಳಲ್ಲಿ. ಹಿರಿಯರು ಒಬ್ಬೊಬ್ಬರಾಗಿ ತೀರಿಹೋಗುತ್ತಿದ್ದಾರೆ. ಕಾಗದಗಳಿಗೆ ಗೆದ್ದಲಿನ ಭಯ, ನದಿದಂಡೆಯಲ್ಲಿ ನೀರಿನ ಭಯ. 2020ರ ಅಕ್ಟೋಬರ್‌ನಲ್ಲಿ ಭೀಮೆಯ ಪ್ರವಾಹ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ದಂಡೆಯ ಹಳ್ಳಿಗಳ ಮನೆಗಳಿಗೆ ನುಗ್ಗಿದ್ದನ್ನು ಯಾರೂ ಮರೆತಿಲ್ಲ. ಹಳೆಯ ಮಣ್ಣಿನ ಚರ್ಚ್ ಕೆಡವಿ ಕಾಂಕ್ರೀಟಿನದನ್ನು ಕಟ್ಟುವಾಗ ಅಡಿಗಲ್ಲು ಕೂಡ ಕಾಣೆಯಾಗುವುದುಂಟು.

ಇದಕ್ಕೆ ದೊಡ್ಡ ಖರ್ಚಿನ ಪರಿಹಾರವೇನೂ ಬೇಕಿಲ್ಲ. ಊರಿನ ಓದಿದ ಯುವಕರು ರಿಜಿಸ್ಟರ್‌ಗಳ ಪುಟಗಳ ಛಾಯಾಚಿತ್ರ ತೆಗೆದು ಎರಡು ಕಡೆ ಜೋಪಾನ ಮಾಡಬಹುದು. ಸಮಾಧಿಗಲ್ಲುಗಳ ಬರಹವನ್ನು ನಕಲು ಮಾಡಬಹುದು. ಹಳೆಯ ಶಾಲೆಯಲ್ಲಿ ಕಲಿತ ಅಜ್ಜಿಯರ ಮಾತುಗಳನ್ನು ಬರೆದಿಡಬಹುದು. ದರ್ಗಾ, ದೇವಸ್ಥಾನ, ಮಠಗಳ ಇತಿಹಾಸ ಬರೆಯಲು ಅರಸರು, ಜಹಗೀರುದಾರರು ಬಿಟ್ಟುಹೋದ ಸನದುಗಳಿವೆ, ಶಾಸನಗಳಿವೆ. ಕೇರಿಯ ಚರ್ಚ್‌ಗೆ ಇರುವುದು ಆ ರಿಜಿಸ್ಟರೊಂದೇ. ಅದು ಹೋದರೆ ಹೋಗುವುದು ಒಂದು ಕಟ್ಟಡದ ಚರಿತ್ರೆಯಷ್ಟೇ ಅಲ್ಲ, ಆ ಸೀಮೆಯ ದುಡಿಯುವ ಜನರ ಚರಿತ್ರೆಯ ಒಂದು ಅಧ್ಯಾಯವೂ ಹೌದು.