ಕೊಂಡ ಮೇಲೆ ಕಾರು ಯಾರದು?

1962ರ ಜೂನ್ ತಿಂಗಳಲ್ಲಿ ಫ್ರಾನ್ಸಿನ ಲ ಮಾನ್ ಪಟ್ಟಣದ ಇಪ್ಪತ್ತನಾಲ್ಕು ಗಂಟೆಗಳ ಕಾರು ಪಂದ್ಯಕ್ಕೆ ವಿಚಿತ್ರ ಆಕಾರದ ಕೆಂಪು ಕಾರೊಂದು ಬಂದಿತು. ಅದರ ಮೂತಿ ಮೀನಿನ ಮೂತಿಯಂತೆ ನೀಳವಾಗಿ ನೆಲದತ್ತ ಬಾಗಿತ್ತು. ಹಿಂಭಾಗ ಮಾತ್ರ ಬೇಕರಿಯಿಂದ ಬ್ರೆಡ್ಡು ಹೊತ್ತು ತರುವ ವ್ಯಾನಿನಂತೆ. ನೇರವಾಗಿ ಹಿಂದಕ್ಕೆ ಸಾಗಿದ ಚಾವಣಿ, ಕೊಡಲಿಯಿಂದ ಕಡಿದಂತಹ ಬೆನ್ನು. ಫ್ರೆಂಚರು ನಕ್ಕು ಅದನ್ನು ‘ಸಣ್ಣ ಲಾರಿ’ ಎಂದರು; ಇಂಗ್ಲಿಷರು ‘ಬ್ರೆಡ್‌ವ್ಯಾನ್’ ಎಂದರು. ಎರಡನೆಯ ಹೆಸರೇ ಉಳಿಯಿತು. ಆದರೆ ಪಂದ್ಯ ಆರಂಭವಾದ ಮೇಲೆ ನಗೆ ನಿಂತಿತು. ಫೆರಾರಿ ಸಂಸ್ಥೆ ಆ ವರ್ಷ ಹೊಸದಾಗಿ ತಯಾರಿಸಿದ್ದ 250 ಜಿಟಿಓ ಕಾರುಗಳನ್ನು ಹಿಂದೆ ಬಿಟ್ಟು ಈ ಬ್ರೆಡ್ಡಿನ ಗಾಡಿ ಮುಂದೆ ಓಡುತ್ತಿತ್ತು. ನಾಲ್ಕನೆಯ ಗಂಟೆಯಲ್ಲಿ ಎಂಜಿನ್ನಿನ ಶಕ್ತಿಯನ್ನು ಗಾಲಿಗಳಿಗೆ ಒಯ್ಯುವ ದಂಡ ಮುರಿದು ಅದು ಪಂದ್ಯದಿಂದ ಹೊರಬಿತ್ತು.

ಆ ಕಾರು ಮೂಲತಃ ಫೆರಾರಿಯೇ. ಅದರ ಒಡೆಯ ಇಟಲಿಯ ಯುವ ಶ್ರೀಮಂತ ಕೌಂಟ್ ಜೊವಾನ್ನಿ ವೊಲ್ಪಿ. 1961ರ ಕೊನೆಯಲ್ಲಿ ಎನ್ಜೊ ಫೆರಾರಿಯೊಡನೆ ಜಗಳವಾಗಿ ಹಲವು ಹಿರಿಯ ಎಂಜಿನಿಯರುಗಳು ಸಂಸ್ಥೆಯನ್ನು ತೊರೆದಿದ್ದರು. ಅವರ ಹೊಸ ಉದ್ಯಮಕ್ಕೆ ವೊಲ್ಪಿ ಹಣ ಹೂಡಿದ. ಕುಪಿತನಾದ ಫೆರಾರಿ ಅವನಿಗೆ ಜಿಟಿಓ ಮಾರಲು ಒಪ್ಪಲಿಲ್ಲ. ವೊಲ್ಪಿ ತನ್ನ ಬಳಿ ಇದ್ದ 1961ರ 250 ಜಿಟಿ ಕಾರನ್ನು ಜೊತ್ತೊ ಬಿಜ್ಜಾರೀನಿಯ ಕೈಗೆ ಒಪ್ಪಿಸಿದ. ಜಿಟಿಓವಿನ ವಿನ್ಯಾಸದಲ್ಲಿ ದುಡಿದು ಹೊರಬಂದವನೇ ಈ ಬಿಜ್ಜಾರೀನಿ. ಅದರ ಗುಟ್ಟು ಅವನಿಗೆ ತಿಳಿಯದ್ದಲ್ಲ. ಎಂಜಿನ್ನನ್ನು ಕೆಳಕ್ಕೂ ಹಿಂದಕ್ಕೂ ಸರಿಸಿ ಕೂರಿಸಿದ. ಮೂರು ಕಾರ್ಬ್ಯುರೇಟರುಗಳ ಜಾಗಕ್ಕೆ ಆರನ್ನು ಜೋಡಿಸಿದ. ಮೊಡೆನಾದ ಪಿಯೆರೊ ದ್ರೋಗೊನ ಕಾರ್ಯಾಗಾರದಲ್ಲಿ ಹೊಸ ಮೈ ಸಿದ್ಧವಾಯಿತು. ಕಡಿದಂತಹ ಆ ಬೆನ್ನು ವಿಕಾರದ ಹುಚ್ಚಲ್ಲ. ಬಾಲವನ್ನು ಉದ್ದಕ್ಕೆ ಎಳೆಯದೆ ಸರಿಯಾದ ಜಾಗದಲ್ಲಿ ಕತ್ತರಿಸಿದರೂ ಗಾಳಿ ನುಣುಪಾಗಿಯೇ ಸರಿಯುತ್ತದೆಂದು ಜರ್ಮನಿಯ ವುನಿಬಾಲ್ಡ್ ಕಾಮ್ ಎಂಬ ವಿದ್ವಾಂಸ ಅದಕ್ಕೂ ಎಷ್ಟೋ ವರ್ಷ ಮೊದಲೇ ತೋರಿಸಿದ್ದ.

ಕೋಟಿಗಟ್ಟಲೆ ಹಣ ಕೊಟ್ಟು, ಲೋಕದ ಶ್ರೇಷ್ಠ ಎಂಜಿನಿಯರುಗಳು ರೂಪಿಸಿದ ಕಾರನ್ನು ಮನೆಗೆ ತಂದವನು ಮರುದಿನವೇ ಅದನ್ನು ಬಿಚ್ಚಿ ಬದಲಾಯಿಸಲು ಏಕೆ ಹೊರಡುತ್ತಾನೆ? ಬೈಕಿನ ಸೈಲೆನ್ಸರ್ ಬದಲಾಯಿಸಬೇಕೆಂದು ಮಗ ಹಟ ಹಿಡಿದಿರುವ ಮನೆಗಳಲ್ಲಿ ಈ ಪ್ರಶ್ನೆ ಸಣ್ಣ ರೂಪದಲ್ಲಿ ಆಗಲೇ ಎದ್ದಿರುತ್ತದೆ. ಹಣದ ಮದ ಎಂದು ತಳ್ಳಿಹಾಕುವುದು ಸುಲಭ. ಮದವೂ ಇದೆ, ಇಲ್ಲವೆನ್ನಲಾಗದು. ಆದರೆ ವೊಲ್ಪಿಯ ಕಾರು ಬೇರೊಂದು ಉತ್ತರವನ್ನೂ ಹೇಳುತ್ತದೆ. ಕಾರಿನ ಬೆಲೆ ತೆತ್ತ ಮೇಲೂ ಅದರ ಮೇಲಿನ ಕೊನೆಯ ಮಾತು ಕಾರ್ಖಾನೆಯದೇ ಆಗಿರುತ್ತದೆ. ಆ ಮಾತನ್ನು ಒಡೆಯ ತನ್ನದಾಗಿಸಿಕೊಳ್ಳಲು ಬಯಸುತ್ತಾನೆ.

ಇದೇ ಬಯಕೆಯಿಂದ ಒಂದು ಕಾರ್ಖಾನೆಯೇ ಹುಟ್ಟಿದ ಕತೆ ಟ್ರ್ಯಾಕ್ಟರ್ ಬಲ್ಲವರಿಗೆಲ್ಲ ರುಚಿಸುವಂತಹದು. ಫೆರುಚ್ಚೊ ಲ್ಯಾಂಬೊರ್ಗಿನಿ ಎರಡನೆಯ ಮಹಾಯುದ್ಧದ ಬಳಿಕ ಇಟಲಿಯಲ್ಲಿ ಟ್ರ್ಯಾಕ್ಟರ್ ತಯಾರಿಸಿ ಹಣವಂತನಾದವನು. ಅವನ ಮನೆಯಲ್ಲಿ ಫೆರಾರಿಗಳಿದ್ದವು. ಅವುಗಳ ಕ್ಲಚ್ಚು ಪದೇ ಪದೇ ಕೆಡುತ್ತಿತ್ತು. ಮುಂದೆ ಅವನೇ ಹೇಳಿಕೊಂಡಂತೆ, ಬೇಸತ್ತು ತನ್ನ ಕಾರ್ಖಾನೆಯಲ್ಲೇ ಬಿಚ್ಚಿಸಿ ನೋಡಿದಾಗ ಆ ಕ್ಲಚ್ಚು ತನ್ನ ಟ್ರ್ಯಾಕ್ಟರಿನದಕ್ಕಿಂತ ಹೆಚ್ಚಿನದೇನಲ್ಲವೆಂದು ತಿಳಿಯಿತು. ಬೇರೆಯದನ್ನು ಹಾಕಿಸಿಕೊಂಡ, ದೂರು ಹೇಳಲು ಹೋದಾಗ ಎನ್ಜೊ ಫೆರಾರಿ ಅವಮಾನಿಸಿ ಕಳುಹಿಸಿದ. ಈ ಕತೆಗೆ ಹಲವು ಪಾಠಾಂತರಗಳಿವೆ. ಹೇಳುತ್ತ ಹೇಳುತ್ತ ಅದು ಸ್ವಲ್ಪ ಬೆಳೆದಿರಲೂ ಸಾಕು. ಆದರೆ 1963ರಲ್ಲಿ ಸಾಂತಾಗಾತಾ ಬೊಲೊಗ್ನೇಸೆ ಎಂಬ ಊರಿನಲ್ಲಿ ಲ್ಯಾಂಬೊರ್ಗಿನಿಯ ಕಾರು ಕಾರ್ಖಾನೆ ತಲೆಯೆತ್ತಿದ್ದು ಇತಿಹಾಸ. ಅದರ ಮೊದಲ ಹನ್ನೆರಡು ಸಿಲಿಂಡರುಗಳ ಎಂಜಿನ್ನನ್ನು ರೂಪಿಸಿದವನು ಬ್ರೆಡ್‌ವ್ಯಾನಿನ ಅದೇ ಬಿಜ್ಜಾರೀನಿ. ಅವನು ಪಂದ್ಯಕ್ಕೆ ತಕ್ಕ ಉಗ್ರವಾದ ಎಂಜಿನ್ ಕೊಟ್ಟ. ರಸ್ತೆಯ ಮೇಲೆ ನೆಮ್ಮದಿಯಿಂದ ಓಡುವ ಕಾರು ಬೇಕಾಗಿದ್ದ ಲ್ಯಾಂಬೊರ್ಗಿನಿ ಅದರ ಉಗ್ರತೆಯನ್ನು ತಗ್ಗಿಸಿದ. ಕಾರ್ಖಾನೆ ತೆರೆದ ಮಾಲೀಕನೂ ಮಾಡಿದ ಮೊದಲ ಕೆಲಸ ಮಾರ್ಪಾಡೇ.

ಅಷ್ಟು ಶ್ರದ್ಧೆಯಿಂದ ತಯಾರಾದ ಕಾರಿನಲ್ಲಿ ಸುಧಾರಣೆಗೆ ಜಾಗವಾದರೂ ಎಲ್ಲಿ ಉಳಿದಿರುತ್ತದೆ? ಉಳಿದಿರುತ್ತದೆ, ಕಾರ್ಖಾನೆಯೇ ಬೇಕೆಂದು ಉಳಿಸಿರುತ್ತದೆ. ಒಂದೇ ಕಾರು ಕೊಲ್ಲಿ ದೇಶದ ಬೇಸಗೆಯಲ್ಲೂ ನಾರ್ವೆಯ ಹಿಮದಲ್ಲೂ ಓಡಬೇಕು. ಒಂದು ದೇಶದ ಪೆಟ್ರೋಲು ಉತ್ತಮ, ಇನ್ನೊಂದರದು ಸಾಧಾರಣ. ನುರಿತವನೂ ಓಡಿಸುತ್ತಾನೆ, ನಿನ್ನೆ ಕಲಿತವನೂ ಓಡಿಸುತ್ತಾನೆ. ಹೊಗೆಗೆ ಒಂದು ಕಾನೂನು, ಸದ್ದಿಗೆ ಇನ್ನೊಂದು. ಇವೆಲ್ಲದರ ಮೇಲೆ ಕೆಲವು ವರ್ಷಗಳ ವಾರಂಟಿ. ಆದ್ದರಿಂದ ಎಂಜಿನ್ನಿನ ಪೂರ್ಣ ಶಕ್ತಿಯನ್ನು ಹೊರತೆಗೆಯದೆ ಒಂದಷ್ಟನ್ನು ಹಿಡಿದಿಡುವುದು ಜಾಣತನ. ಇಂದಿನ ಟರ್ಬೊ ಕಾರುಗಳಲ್ಲಿ ಎಂಜಿನ್ನಿಗೆ ಎಷ್ಟು ಗಾಳಿ, ಎಷ್ಟು ಇಂಧನ, ಯಾವ ಕ್ಷಣದಲ್ಲಿ ಕಿಡಿ ಎಂಬುದನ್ನೆಲ್ಲ ಒಂದು ಪುಟ್ಟ ಕಂಪ್ಯೂಟರು ನಿರ್ಧರಿಸುತ್ತದೆ. ಅದರೊಳಗಿನ ಲೆಕ್ಕವನ್ನು ತಿದ್ದಿದರೆ ಒಂದು ನಟ್ಟನ್ನೂ ಮುಟ್ಟದೆ ಶಕ್ತಿ ಏರುತ್ತದೆ. ಜಪಾನಿನಲ್ಲಂತೂ 1989ರಿಂದ 2004ರವರೆಗೆ ಕಾರು ತಯಾರಕರು 280 ಅಶ್ವಶಕ್ತಿಗಿಂತ ಹೆಚ್ಚನ್ನು ಘೋಷಿಸುವುದಿಲ್ಲವೆಂದು ತಮ್ಮೊಳಗೇ ಮಾತಾಡಿಕೊಂಡಿದ್ದರು. ನಿಸ್ಸಾನ್ ಸ್ಕೈಲೈನ್ ಜಿಟಿ-ಆರ್ ಕೊಂಡವರಿಗೆ ಅದರ ಎಂಜಿನ್ ಅದಕ್ಕಿಂತ ಎಷ್ಟೋ ಹೆಚ್ಚು ತಾಳಬಲ್ಲುದೆಂದು ಗೊತ್ತಿತ್ತು. ಬೀಗ ಹಾಕಿದ ಕೋಣೆ ಮನೆಯೊಳಗಿದ್ದರೆ ಅದರ ಬೀಗದ ಕೈ ಹುಡುಕದವರು ವಿರಳ.

ಹಾಗೆಂದು ಹಿಡಿದಿಟ್ಟದ್ದನ್ನು ಬಿಡಿಸಿಕೊಳ್ಳುವುದು ಪುಕ್ಕಟೆಯಲ್ಲ. ಹೆಚ್ಚಿದ ಶಕ್ತಿ ಹೆಚ್ಚು ಶಾಖವಾಗಿ ಬರುತ್ತದೆ. ಕ್ಲಚ್ಚು ಜಾರುತ್ತದೆ, ಗೇರುಪೆಟ್ಟಿಗೆ ಸವೆಯುತ್ತದೆ, ವಾರಂಟಿ ಕೈಬಿಡುತ್ತದೆ. ಬಲ್ಲವರು ಆದ್ದರಿಂದಲೇ ಬೇರೆಡೆಯಿಂದ ಆರಂಭಿಸುತ್ತಾರೆ: ಬಿಸಿಗೆ ಸೋಲದ ಬ್ರೇಕು, ಹಗುರವಾದ ಗಾಲಿ, ಮೈಯನ್ನು ಬಿಗಿಯಾಗಿ ಹಿಡಿಯುವ ಆಸನ. ಗಾಲಿಯ ತೂಕ ಇಳಿದರೆ ಹಳ್ಳತಿಟ್ಟುಗಳಲ್ಲಿ ಟೈರು ನೆಲವನ್ನು ಬಿಡದೆ ಹಿಡಿಯುತ್ತದೆ. ನೋಟಕ್ಕಾಗಿ ದೊಡ್ಡದೂ ಭಾರವೂ ಆದ ಗಾಲಿ ಹಾಕಿಸಿದವನು ಹಣ ಕೊಟ್ಟು ಕಾರನ್ನು ಕೆಡಿಸಿಕೊಂಡಿರುತ್ತಾನೆ. ಅದು ಅವನಿಗೆ ತಿಳಿಯುವುದೂ ಇಲ್ಲ. ಭಾರತದಲ್ಲಿ ಇಂತಹ ಕಾರು ಕೊಂಡವರಿಗೆ ಇನ್ನೂ ಸರಳವಾದ ಕಷ್ಟವಿದೆ. ನೆಲದಿಂದ ನಾಲ್ಕು ಬೆರಳು ಎತ್ತರದಲ್ಲಿ ಸಾಗುವ ಮೂತಿಗೆ ಊರೂರಿನ ರಸ್ತೆ ಉಬ್ಬುಗಳೇ ಶತ್ರು. ಗುಂಡಿಯೊಂದನ್ನು ಒತ್ತಿದರೆ ಮೂತಿಯನ್ನು ಮೇಲೆತ್ತುವ ಸಲಕರಣೆಯನ್ನು ಹಾಕಿಸುವವರ ಉದ್ದೇಶ ಮೆರೆಯುವುದಲ್ಲ, ಮನೆ ಸೇರುವುದು.

ಮಾರ್ಪಾಡಿಗೆ ಕಾರ್ಖಾನೆಗಳು ಸದಾ ಮುಖ ಸಿಂಡರಿಸಿಲ್ಲ. ಡೈಮ್ಲರ್-ಬೆಂಜ್ ಸಂಸ್ಥೆಯಲ್ಲಿ ದುಡಿದಿದ್ದ ಹಾನ್ಸ್ ವೆರ್ನರ್ ಆಫ್ರೆಕ್ಟ್ ಮತ್ತು ಎರ್ಹಾರ್ಡ್ ಮೆಲ್ಷರ್ 1967ರಲ್ಲಿ ಸ್ವಂತ ಗ್ಯಾರೇಜು ತೆರೆದರು. ಇಬ್ಬರ ಹೆಸರಿನ ಮೊದಲ ಅಕ್ಷರಗಳಿಗೆ ಆಫ್ರೆಕ್ಟನ ಹುಟ್ಟೂರು ಗ್ರೋಸಾಸ್ಪಾಖ್‌ನ ಅಕ್ಷರ ಸೇರಿ ಎಎಂಜಿ ಎಂಬ ಹೆಸರಾಯಿತು. ಸಾಹುಕಾರರು ಹಿಂದಿನ ಆಸನದಲ್ಲಿ ಕುಳಿತು ಸಾಗುವಂತಹ ಭಾರಿ ಮರ್ಸಿಡಿಸ್ ಕಾರೊಂದನ್ನು ತಿದ್ದಿ, ಎಂಜಿನ್ನನ್ನು 6.8 ಲೀಟರಿಗೆ ಹಿಗ್ಗಿಸಿ, 1971ರಲ್ಲಿ ಬೆಲ್ಜಿಯಮ್ಮಿನ ಸ್ಪಾ ಪಂದ್ಯಕ್ಕೆ ಇಳಿಸಿದರು. ‘ಕೆಂಪು ಹಂದಿ’ ಎಂಬ ಅಡ್ಡಹೆಸರಿನ ಆ ಕಾರು ತನ್ನ ವರ್ಗದಲ್ಲಿ ಮೊದಲನೆಯದಾಗಿಯೂ ಒಟ್ಟಾರೆ ಎರಡನೆಯದಾಗಿಯೂ ಗುರಿ ಮುಟ್ಟಿತು. ಕೊನೆಗೆ ಮೂಲ ಸಂಸ್ಥೆಯೇ ಎಎಂಜಿಯನ್ನು ಕೊಂಡುಕೊಂಡಿತು. ಬವೇರಿಯಾದ ಪ್ಫಾಫೆನ್‌ಹೌಸೆನ್ ಎಂಬ ಪುಟ್ಟ ಊರಿನ ರೂಫ್ ಕುಟುಂಬದ ಗ್ಯಾರೇಜಿನದು ಬೇರೆ ದಾರಿ. ಪೋರ್ಷೆ ಕಾರುಗಳನ್ನು ತಿದ್ದುತ್ತ ತಿದ್ದುತ್ತ 1981ರಲ್ಲಿ ಅದು ಸ್ವತಂತ್ರ ತಯಾರಕನೆಂದು ಸರಕಾರದ ಮನ್ನಣೆ ಪಡೆಯಿತು. 1987ರಲ್ಲಿ ಅದರ ಹಳದಿ ಬಣ್ಣದ ಕಾರು ಪರೀಕ್ಷೆಯೊಂದರಲ್ಲಿ ಗಂಟೆಗೆ 339 ಕಿಲೋಮೀಟರ್ ವೇಗ ಮುಟ್ಟಿ, ಪೋರ್ಷೆಯದೇ 959 ಕಾರನ್ನೂ ಹಿಂದಿಕ್ಕಿತು.

ವೇಗದ ಮಾತು ಇಷ್ಟಾಯಿತು. ಆದರೆ ಮಾರ್ಪಾಡು ಮಾಡಿಸುವವರಲ್ಲಿ ಬಹುಮಂದಿಗೆ ವೇಗ ನೆಪವೇ. ದುಬೈ, ಲಂಡನ್‌ಗಳಂತಹ ನಗರಗಳ ಹೋಟೆಲಿನ ಮುಂದೆ ಒಂದೇ ಬಗೆಯ ಐದು ಕಾರುಗಳು ಸಾಲಾಗಿ ನಿಂತಾಗ ಅಪೂರ್ವವೆಂದು ಕೊಂಡದ್ದು ಅಲ್ಲಿಯೇ ಸಾಮಾನ್ಯವಾಗುತ್ತದೆ. ಜತ್ತ, ಸೊಲ್ಲಾಪುರ ಸೀಮೆಯ ರೈತ ಜಾತ್ರೆಯಿಂದ ಖಿಲಾರಿ ಎತ್ತನ್ನು ಹೊಡೆದುಕೊಂಡು ಬಂದು ಕೋಡು ಹೆರೆದು ಬಣ್ಣ ಬಳಿದು, ಕೊರಳಿಗೆ ಗೆಜ್ಜೆಸರ ಕಟ್ಟುವುದೂ ಎತ್ತು ಚೆನ್ನಾಗಿಲ್ಲವೆಂದಲ್ಲ. ಮಾರಿದವನ ಎತ್ತು ತನ್ನ ಎತ್ತಾಗುವುದು ಆ ಕೆಲಸದಲ್ಲಿ.

ಜಪಾನಿನ ಅಕಿರಾ ನಕಾಯ್ ಬಳಿಗೆ ಹೋಗುವವರು ಇದನ್ನು ತುದಿಗೆ ಒಯ್ದವರು. ಹಳೆಯ ಪೋರ್ಷೆ 911 ಕಾರುಗಳನ್ನು ಅಗಲಗೊಳಿಸುವುದು ಅವನ ಕಸುಬು. ಹಲವು ದೇಶಗಳಿಗೆ ತಾನೇ ಪ್ರಯಾಣ ಮಾಡಿ, ಒಡೆಯನ ಕಣ್ಣೆದುರೇ ಗರಗಸ ಹಿಡಿದು ಗಾಲಿಯ ಮೇಲಿನ ಉಕ್ಕಿನ ಹೊದಿಕೆಯನ್ನು ಕೊಯ್ಯುತ್ತಾನೆ. ಆಮೇಲೆ ಅಗಲವಾದ ಹೊಸ ಹೊದಿಕೆಗಳನ್ನು ಕೈಯಿಂದಲೇ ಕೂರಿಸುತ್ತಾನೆ. ಮುಗಿದ ಕಾರಿಗೆ ಒಂದು ಹೆಸರಿಡುತ್ತಾನೆ. ಒಮ್ಮೆ ಕೊಯ್ದ ಉಕ್ಕು ಮತ್ತೆ ಕೂಡುವುದಿಲ್ಲ. ಹಿಂತಿರುಗಲಾಗದ ಈ ಹೆಜ್ಜೆಯೇ ಆ ಒಡೆಯರಿಗೆ ಬೇಕಾಗಿರುವುದು. ಪೋರ್ಷೆಯ ಅಭಿಮಾನಿಗಳಲ್ಲಿ ಕೆಲವರಿಗೆ ಇದು ವಿಗ್ರಹಭಂಜನೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ರಾಬ್ ಡಿಕಿನ್ಸನ್ ಎಂಬ ಮಾಜಿ ಗಾಯಕ 2009ರಲ್ಲಿ ಆರಂಭಿಸಿದ ಸಿಂಗರ್ ಸಂಸ್ಥೆ ಅದೇ 911ನ್ನು ಬೇರೆ ಭಾವದಿಂದ ಮುಟ್ಟುತ್ತದೆ. ತೊಂಬತ್ತರ ದಶಕದ ಆರಂಭದ ಕಾರನ್ನು ತಂದು ಕೊಟ್ಟವನಿಗೆ ಕಾರ್ಬನ್ ನೂಲಿನ ಹಗುರ ಮೈ, ಹೊಸದಾಗಿ ಕಟ್ಟಿದ ಎಂಜಿನ್, ಕೈಹೊಲಿಗೆಯ ಚರ್ಮದ ಆಸನಗಳೊಡನೆ ಮರಳಿಸುತ್ತದೆ. ನೆನಪಿನಲ್ಲಿರುವ ಕಾರು ನಿಜವಾದ ಕಾರಿಗಿಂತ ಯಾವಾಗಲೂ ಚೆಂದ. ಆ ನೆನಪನ್ನೇ ಮಾಡಿಕೊಡುವ ಅಂಗಡಿ ಅದು.

ಒಡೆಯ ತನ್ನದೆಂದುಕೊಂಡದ್ದು ಪೂರ್ತಿ ತನ್ನದಲ್ಲ ಎಂಬುದು 2014ರಲ್ಲಿ ಕೆನಡಾದ ಸಂಗೀತಗಾರ ಡೆಡ್‌ಮೌಸ್‌ಗೆ ತಿಳಿದುಬಂತು. ಅವನು ತನ್ನ ಫೆರಾರಿ 458 ಕಾರಿಗೆ ಮಕ್ಕಳ ಚಿತ್ರದಂತಹ ಬೆಕ್ಕಿನ ಹೊದಿಕೆ ಹೊದಿಸಿ, ನೆಗೆಯುವ ಕುದುರೆಯ ಲಾಂಛನದ ಜಾಗದಲ್ಲಿ ಬೆಕ್ಕನ್ನು ಕೂರಿಸಿ, ಬೆಕ್ಕಿನ ಗುರುಗುಟ್ಟುವಿಕೆಯನ್ನು ನೆನಪಿಸುವಂತೆ ‘ಪರಾರಿ’ ಎಂದು ಹೆಸರಿಟ್ಟ. (ಕನ್ನಡದಲ್ಲಿ ಆ ಹೆಸರಿಗೆ ಇನ್ನೊಂದು ಅರ್ಥವಿದೆ ಎಂಬುದು ಅವನಿಗೆ ಗೊತ್ತಿರಲಾರದು.) ಫೆರಾರಿ ಸಂಸ್ಥೆಯಿಂದ ವಕೀಲರ ಪತ್ರ ಬಂತು, ಹೊದಿಕೆ ಇಳಿಯಿತು. ಲೋಹ ಕೊಂಡವನದು, ಲಾಂಛನ ಮಾಡಿದವನದು. ಈಗ ಇಂತಹ ಸಂಸ್ಥೆಗಳೆಲ್ಲ ಬಣ್ಣ, ಚರ್ಮ, ಹೊಲಿಗೆಯ ನೂಲು ಎಲ್ಲವನ್ನೂ ಗಿರಾಕಿಯ ಇಚ್ಛೆಯಂತೆ ಮಾಡಿಕೊಡುವ ವಿಭಾಗಗಳನ್ನು ತೆರೆದಿವೆ. ಒಡೆಯನಿಗೆ ತನ್ನದೆಂಬ ತೃಪ್ತಿ, ಕಾರ್ಖಾನೆಗೆ ಕತ್ತರಿ ತನ್ನ ಕೈಯಲ್ಲೇ ಉಳಿಯಿತೆಂಬ ನೆಮ್ಮದಿ ಮತ್ತು ಒಳ್ಳೆಯ ಲಾಭ.

ಭಾರತದಲ್ಲಿ ಈ ವ್ಯಾಜ್ಯಕ್ಕೆ ಮೂರನೆಯ ಪಕ್ಷವೂ ಇದೆ: ರಸ್ತೆ. ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಅರ್ಥವನ್ನು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಸ್ಪಷ್ಟಪಡಿಸಿದ್ದು ಕೇರಳದಿಂದ ಹೋದ ಮೊಕದ್ದಮೆಯಲ್ಲಿಯೇ. ಹೈಕೋರ್ಟು ಮಾಲೀಕರಿಗೆ ಕೊಟ್ಟಿದ್ದ ಸಡಿಲಿಕೆಯನ್ನು ಅದು ತಳ್ಳಿಹಾಕಿತು. ತಯಾರಕರು ಮೂಲದಲ್ಲಿ ನಮೂದಿಸಿದ ವಿವರಗಳಿಗೆ ನೋಂದಣಿ ಪತ್ರದ ವಿವರಗಳು ಬೇರೆಯಾಗುವಂತೆ ವಾಹನವನ್ನು ಬದಲಾಯಿಸುವಂತಿಲ್ಲ. ಬಣ್ಣ ಬದಲಾಯಿಸುವುದಕ್ಕೆ, ಸಣ್ಣಪುಟ್ಟ ಸಾಧನ ಜೋಡಿಸುವುದಕ್ಕೆ ಅಡ್ಡಿಯಿಲ್ಲ; ಅಂಗವಿಕಲರು ಓಡಿಸಲು ಅನುಕೂಲವಾಗುವಂತೆ ವಾಹನವನ್ನು ಅನುಮತಿ ಪಡೆದು ತಿದ್ದುವುದಕ್ಕೂ ಕಾಯ್ದೆಯಲ್ಲಿ ಅವಕಾಶವಿದೆ. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಅಕ್ರಮವಾದ ಪ್ರತಿ ಮಾರ್ಪಾಡಿಗೆ 5000 ರೂಪಾಯಿ ದಂಡ, ಆರು ತಿಂಗಳವರೆಗಿನ ಸೆರೆ ಅಥವಾ ಎರಡೂ ಆಗಬಹುದು. ಕೋಟಿಯ ಕಾರಿಗೂ ಹಳೆಯ ಬೈಕಿಗೂ ಕಾನೂನು ಒಂದೇ. ಕೋಟಿಯ ಒಡೆಯನಿಗೆ 5000 ಲೆಕ್ಕವಲ್ಲ; ಸೈಲೆನ್ಸರ್ ಕೊರೆಸಿದ ಮಗನ ತಂದೆಗೆ ಅದು ಅರ್ಧ ತಿಂಗಳ ಸಂಬಳವಾಗಬಹುದು. ಅಪಘಾತವಾದಾಗ ತಿಳಿಸದೆ ಮಾಡಿದ ಮಾರ್ಪಾಡನ್ನು ಮುಂದಿಟ್ಟು ವಿಮಾ ಕಂಪನಿ ಪರಿಹಾರದ ವಿಷಯದಲ್ಲಿ ತಕರಾರು ತೆಗೆಯುವ ಅಪಾಯ ಬೇರೆ.

ವಿದೇಶಗಳಲ್ಲಿ ಹಳೆಯ ಕಾರುಗಳನ್ನು ಕೊಳ್ಳುವವರು ಇನ್ನೊಂದು ಲೆಕ್ಕ ಹಾಕುತ್ತಾರೆ. ಕಾರ್ಖಾನೆಯಿಂದ ಬಂದ ಎಂಜಿನ್ನೇ, ಮೂಲ ಬಣ್ಣವೇ ಉಳಿದಿರುವ ಕಾರಿಗೆ ಬೆಲೆ ಹೆಚ್ಚು. ತಿದ್ದಿದ್ದಕ್ಕೆ ಸಾಮಾನ್ಯವಾಗಿ ಕಡಿಮೆ. ಜಾಣ ಒಡೆಯರು ಬಿಚ್ಚಿದ ಮೂಲ ಭಾಗಗಳನ್ನು ಪೆಟ್ಟಿಗೆಯಲ್ಲಿ ಕಟ್ಟಿಟ್ಟಿರುತ್ತಾರೆ. ಬ್ರೆಡ್‌ವ್ಯಾನಿಗೆ ಮಾತ್ರ ಆ ಲೆಕ್ಕ ತಲೆಕೆಳಗಾಯಿತು. ನಕ್ಕು ಬಿಟ್ಟಿದ್ದ ಆ ಗಾಡಿ ಇಂದು ಹಳೆಯ ಕಾರುಗಳ ಪಂದ್ಯಗಳಲ್ಲಿ ಜನ ಹುಡುಕಿಕೊಂಡು ಹೋಗಿ ನೋಡುವ ವಸ್ತು. 2021ರಲ್ಲಿ ಡಚ್ ವಿನ್ಯಾಸಕಾರ ನೀಲ್ಸ್ ವಾನ್ ರೋಯ್, ಜರ್ಮನಿಯ ಗಿರಾಕಿಯೊಬ್ಬನ ಬೇಡಿಕೆಯಂತೆ ಫೆರಾರಿ 550 ಮರನೆಲ್ಲೊ ಕಾರಿನ ಮೈಯನ್ನು ಬದಲಾಯಿಸಿ ಹೊಸದೊಂದು ಕಾರನ್ನು ಹೊರತಂದ. ಕೆಂಪು ಬಣ್ಣ, ನೀಳವಾದ ಮೂತಿ, ನೇರವಾದ ಚಾವಣಿ, ಕಡಿದಂತಹ ಬೆನ್ನು.