ಕುಮಾರ ಪರ್ವತಕ್ಕೂ ಕ್ಯೂ!

ರೇಷನ್ ಅಂಗಡಿ ಮುಂದೆ ಕ್ಯೂ ನಿಂತವರುಂಟು, ಬಸ್ಸಿಗೆ ಕ್ಯೂ ನಿಂತವರೂ ಉಂಟು. ಕಾಡಿನೊಳಗೆ ಕ್ಯೂ? 2024ರ ಜನವರಿಯಲ್ಲಿ, ಗಣರಾಜ್ಯೋತ್ಸವದ ರಜೆಗೆ ಕುಮಾರ ಪರ್ವತದಲ್ಲಿ ಅದೂ ಆಯಿತು. ಸಾವಿರಾರು ಮಂದಿ ಒಮ್ಮೆಲೇ ಬೆಟ್ಟಕ್ಕೆ ನುಗ್ಗಿದರು. ಸರಕಾರ ಬೆಚ್ಚಿ ಚಾರಣಕ್ಕೆ ತಡೆ ಹಾಕಿತು. ಅದೇ ವರ್ಷ ಅಕ್ಟೋಬರಿನಲ್ಲಿ ಆನ್‌ಲೈನ್ ಬುಕಿಂಗ್ ಬಂತು. ಒಂದು ದಾರಿಗೆ ದಿನಕ್ಕೆ ಹೆಚ್ಚೆಂದರೆ 300 ಜನ ಎಂದಾಯಿತು.

‘ಎಂತ ಮಾರಾಯ್ರೆ, ಜನ ಬಂದ್ರೆ ವ್ಯಾಪಾರ ಅಲ್ವಾ?’ ಎಂದು ಪೇಟೆಯವರು ಕೇಳುವುದು ಸಹಜವೇ. ಕುಕ್ಕೆಯ ಲಾಡ್ಜು, ಹೋಟೆಲು, ಜೀಪಿನವರಿಗೆ ಇದು ಹೊಟ್ಟೆಪಾಡು. ಆದರೆ ಬೆಟ್ಟದ ಲೆಕ್ಕವೇ ಬೇರೆ.

ಕುಮಾರ ಪರ್ವತದ ಎತ್ತರ 1,712 ಮೀಟರು. ಕುಕ್ಕೆಯಿಂದ ಹೊರಟರೆ ಮೊದಲು ದಟ್ಟ ಕಾಡು, ಆಮೇಲೆ ಭಟ್ಟರ ಮನೆಯ ಊಟಕ್ಕೆ ಹೆಸರಾದ ಗಿರಿಗದ್ದೆ. ಅಲ್ಲಿಂದ ಮುಂದೆ ನೆರಳಿಲ್ಲದ ಹುಲ್ಲುಗಾವಲು, ಕಲ್ಲಿನ ಮಂಟಪ, ಶೇಷಪರ್ವತ, ಕೊನೆಗೆ ತುದಿ. ಇದು ಆನೆ, ಕಾಟಿ, ಕಡವೆ, ಮಂಗಟ್ಟೆಗಳ ಸೀಮೆ. ಬೊಬ್ಬೆ ಹೊಡೆದು ಹತ್ತುವವರ ಕಣ್ಣಿಗೆ ಇವು ಬೀಳುವುದಿಲ್ಲ. ಬಾಯಿ ಮುಚ್ಚಿ ನಡೆದವನಿಗೆ ಕೆಸರಿನ ಹೆಜ್ಜೆಯಾದರೂ ಕಾಣುತ್ತದೆ, ಮಂಗಟ್ಟೆಯ ರೆಕ್ಕೆ ಸದ್ದಾದರೂ ಕೇಳುತ್ತದೆ.

ಬೇಸಗೆಯಲ್ಲಿ ಈ ಹುಲ್ಲು ಒಣಗಿ ನಿಂತಿರುತ್ತದೆ. ಯಾರೋ ಎಸೆದ ಒಂದು ಬೀಡಿ ತುಂಡು ಸಾಕು, ಗುಡ್ಡ ಹೊತ್ತಿ ಉರಿಯಲು. ನೆಲದಲ್ಲಿ ಗೂಡು ಕಟ್ಟುವ ಹಕ್ಕಿ ಮೊಟ್ಟೆ ಬಿಟ್ಟು ಓಡಬೇಕು. ಇನ್ನು ಪ್ಲಾಸ್ಟಿಕ್. ತಲೆಗೆ ಎರಡೇ ಬಾಟ್ಲಿ ಬಿಸಾಡಿದರೂ 300 ಜನರಿಂದ ದಿನಕ್ಕೆ 600! ಅವನ್ನು ಹೊತ್ತು ಇಳಿಸುವವರು ಯಾರು?

ಇದು ಕುಕ್ಕೆಯವರ ತಲೆನೋವು ಮಾತ್ರ ಎಂದುಕೊಂಡರೆ ತಪ್ಪಾದೀತು. ಈ ಬೆಟ್ಟದ ಹುಲ್ಲು, ಶೋಲೆ ಕಾಡು ಮಳೆನೀರನ್ನು ಹೀರಿಟ್ಟುಕೊಂಡು ಸ್ವಲ್ಪ ಸ್ವಲ್ಪವೇ ಬಿಡುತ್ತವೆ. ಅದೇ ಕುಮಾರಧಾರೆ. ಕುಕ್ಕೆಯಲ್ಲಿ ಭಕ್ತರಿಗೆ ತೀರ್ಥ. ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ ಸೇರಿ ತುಂಬೆ ಅಣೆಕಟ್ಟಿಗೆ ಬಂದರೆ ಮಂಗಳೂರಿನ ನಳ್ಳಿ ನೀರು. ಹಂಪನಕಟ್ಟೆಯಲ್ಲಿ ಬಸ್ಸು ಕಾಯುವವನ ಚಾ ಲೋಟಕ್ಕೂ ಆ ಹುಲ್ಲಿಗೂ ನಂಟುಂಟು.

ಹತ್ತುವವರು ಹತ್ತಲಿ, ಯಾರೂ ಬೇಡ ಎನ್ನುವುದಿಲ್ಲ. ಬುಕಿಂಗ್ ಮಾಡಿಕೊಂಡು ಹೋಗಲಿ, ಬೆಂಕಿಪೆಟ್ಟಿಗೆ ಮನೆಯಲ್ಲೇ ಬಿಡಲಿ, ಒಯ್ದ ಬಾಟ್ಲಿ ಹಿಂದಕ್ಕೆ ತರಲಿ. 300 ಜನರ ವ್ಯಾಪಾರ ದಿನಾ ನಡೆದೀತು. ಬೆಟ್ಟ ಸುಟ್ಟ ಮೇಲೆ ಯಾರ ವ್ಯಾಪಾರ?