ಮುಟ್ಟು ಯಾವಾಗ ನಿಂತಿತು, ಹೇಗೆ ನಿಂತಿತು

ಸಾಸ್ತೂರ ಮಹಾರಾಷ್ಟ್ರದ ಧಾರಾಶಿವ ಜಿಲ್ಲೆಯ ಲೋಹಾರಾ ತಾಲ್ಲೂಕಿನ ಊರು. ಹೊರಗಿನವರ ಕಿವಿಗೆ ಅದರ ಹೆಸರು ಬಿದ್ದದ್ದು 1993ರ ಸೆಪ್ಟೆಂಬರ್ 30ರಂದು. ನಸುಕಿನಲ್ಲಿ ಸಂಭವಿಸಿದ ಕಿಲ್ಲಾರಿ ಭೂಕಂಪ ಈ ಸೀಮೆಯ ಕಲ್ಲುಮಣ್ಣಿನ ಮನೆಗಳನ್ನು ಮಲಗಿದವರ ಮೇಲೆಯೇ ಕೆಡವಿತ್ತು. ಅಂದು ಹದಿನಾಲ್ಕು ಹದಿನೈದರ ಹುಡುಗಿಯರಾಗಿ ಬದುಕುಳಿದವರು ಈಗ ಐವತ್ತರ ಹತ್ತಿರಕ್ಕೆ ಬಂದಿದ್ದಾರೆ. ನಮ್ಮ ದೇಶದಲ್ಲಿ ಹೆಂಗಸರಿಗೆ ಮುಟ್ಟು ನಿಲ್ಲುವ ಸರಾಸರಿ ವಯಸ್ಸು 46–47. ಅಂದರೆ ಉಮರ್ಗಾ, ನಿಲಂಗಾ, ಉದಗೀರದ ಕಡೆಯ ಆ ಇಡೀ ತಲೆಮಾರು ಈಗ ಆ ಹೊಸ್ತಿಲಿನಲ್ಲಿದೆ, ಇಲ್ಲವೇ ಅದನ್ನು ದಾಟಿದೆ. ಬೆಳಿಗ್ಗೆ ಎದ್ದರೆ ಬೆರಳು ಮಡಚಲು ಬಾರದು, ಕಳೆ ತೆಗೆಯಲು ಕುಂತರೆ ಮಂಡಿ ಹಿಡಿದುಕೊಂಡು ಏಳಲಾಗದು, ತೋಳು ಎತ್ತಿ ಹೆರಳು ಹಾಕಿಕೊಳ್ಳಲಾಗದು ಎಂಬ ದೂರು ಕರ್ನಾಟಕದ ಗಡಿಯ ಈಚೆಗೂ ಆಚೆಗೂ ಒಂದೇ. ಮನೆಯಲ್ಲಿ ಸಿಗುವ ಉತ್ತರ ‘ವಾತ’ ಅಥವಾ ‘ವಯಸ್ಸಾಯ್ತು’. ಮೊಬೈಲಿನ ವಿಡಿಯೊಗಳು ಮಾತ್ರ ಈಚೆಗೆ ಇನ್ನೊಂದು ಉತ್ತರ ಹೇಳುತ್ತಿವೆ: ಈಸ್ಟ್ರೋಜೆನ್ ಕಡಿಮೆಯಾಗಿದೆ, ಹಾರ್ಮೋನು ತಗೊಳ್ಳಿ. ಮರುಕ್ಷಣವೇ ಮತ್ತೊಬ್ಬರು, ತಗೊಂಡರೆ ಕ್ಯಾನ್ಸರ್ ಬರುತ್ತದೆ ಎನ್ನುತ್ತಾರೆ. ಈ ಎರಡು ದನಿಗಳ ನಡುವೆ ಕೇಳದೆ ಉಳಿಯುವ ಪ್ರಶ್ನೆ ಬೇರೆಯೇ ಇದೆ: ಆಕೆಯ ಮುಟ್ಟು ಯಾವ ವಯಸ್ಸಿಗೆ ನಿಂತಿತು, ತಾನಾಗಿ ನಿಂತಿತೋ ಅಥವಾ ಶಸ್ತ್ರಚಿಕಿತ್ಸೆಯಿಂದ ನಿಂತಿತೋ? ಹಾರ್ಮೋನು ಬೇಕೋ ಬೇಡವೋ ಎಂಬ ತೀರ್ಮಾನ ನೋವಿನ ತೀವ್ರತೆಗಿಂತ ಹೆಚ್ಚಾಗಿ ಈ ಉತ್ತರದ ಮೇಲೆ ನಿಲ್ಲಬೇಕು ಎಂಬುದು ನನ್ನ ವಾದ.

ಮುಟ್ಟು ನಿಲ್ಲುವುದಕ್ಕೂ ಸಂದುನೋವಿಗೂ ಇರುವ ನಂಟು ಕಲ್ಪನೆಯದ್ದಲ್ಲ. ಸೆಸಿಲ್ ಮತ್ತು ಆರ್ಚರ್ ಎಂಬ ಅಮೆರಿಕದ ವೈದ್ಯರು 1925ರಷ್ಟು ಹಿಂದೆಯೇ ಋತುಬಂಧದ ಸಂಧಿವಾತ ಎಂದು ಹೆಸರಿಟ್ಟು ಐವತ್ತು ರೋಗಿಗಳ ವಿವರ ಪ್ರಕಟಿಸಿದ್ದರು. ಮೂಳೆ, ಸ್ನಾಯು, ಮೃದ್ವಸ್ಥಿ, ಕೀಲಿನ ಒಳಪದರ ಎಲ್ಲದರಲ್ಲೂ ಈಸ್ಟ್ರೋಜೆನ್ನನ್ನು ಗುರುತಿಸುವ ಗ್ರಾಹಕಗಳಿವೆ. ಉರಿಯೂತ ಹೆಚ್ಚಿಸುವ ಕೆಲವು ರಾಸಾಯನಿಕಗಳನ್ನು ಆ ಹಾರ್ಮೋನು ಹದದಲ್ಲಿ ಇಡುತ್ತದೆ, ಮಿದುಳು ನೋವನ್ನು ಗ್ರಹಿಸುವ ರೀತಿಯಲ್ಲೂ ಅದರ ಕೈವಾಡವಿದೆ. ಇದಕ್ಕೆ ಗಟ್ಟಿಯಾದ ಸಾಕ್ಷಿ ಸಿಗುವುದು ಸ್ತನ ಕ್ಯಾನ್ಸರಿನ ಚಿಕಿತ್ಸೆಯಲ್ಲಿ. ದೇಹದಲ್ಲಿ ಉಳಿದಿರುವ ಅಲ್ಪಸ್ವಲ್ಪ ಈಸ್ಟ್ರೋಜೆನ್ನನ್ನೂ ಅಡಗಿಸುವ ಅರೊಮಟೇಸ್ ಪ್ರತಿಬಂಧಕ ಗುಳಿಗೆ ನುಂಗುವವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಕೀಲುನೋವು ಕಾಣಿಸಿಕೊಳ್ಳುತ್ತದೆ; ಕೆಲವರು ಆ ನೋವಿಗೇ ಸೋತು ಜೀವ ಉಳಿಸುವ ಔಷಧಿಯನ್ನು ನಡುವೆ ಬಿಟ್ಟುಬಿಡುತ್ತಾರೆ. 2024ರಲ್ಲಿ ಅಮೆರಿಕದ ಮೂಳೆತಜ್ಞೆ ವೊಂಡಾ ರೈಟ್ ಮತ್ತು ಸಂಗಡಿಗರು ಈ ನೋವು, ಸ್ನಾಯುಕ್ಷಯ, ಮೂಳೆ ಸವೆತಗಳನ್ನೆಲ್ಲ ಒಂದೇ ಲಕ್ಷಣಕೂಟವಾಗಿ ನೋಡಬೇಕೆಂದು ಬರೆದ ಮೇಲೆ ವಿಷಯ ಎಲ್ಲೆಡೆ ಮಾತಾಯಿತು. ಹೀಗಾಗಿ ‘ಎಲ್ಲ ನಿನ್ನ ಮನಸ್ಸಿನದ್ದು’ ಎಂದು ಯಾರಾದರೂ ಸಾಸ್ತೂರದ ಹೆಂಗಸಿಗೆ ಹೇಳಿದರೆ ಅದು ಸುಳ್ಳು.

ಆದರೆ ಕೊರತೆಯಿಂದ ನೋವು ಬಂದಿದೆ ಎಂದಾದ ಮಾತ್ರಕ್ಕೆ ಕೊರತೆ ತುಂಬಿದರೆ ನೋವು ಹೋಗುತ್ತದೆ ಎಂದು ಹೇಳಲಾಗದು. ಅದನ್ನು ಪರೀಕ್ಷಿಸಿಯೇ ತಿಳಿಯಬೇಕು. ಅಮೆರಿಕದ ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್ ಎಂಬ ದೊಡ್ಡ ಅಧ್ಯಯನ ಈ ಕೆಲಸವನ್ನೂ ಮಾಡಿತು. ಅದರ ಒಂದು ಭಾಗದಲ್ಲಿದ್ದ 10,739 ಹೆಂಗಸರೂ ಗರ್ಭಕೋಶ ತೆಗೆಸಿಕೊಂಡವರೇ. ಅರ್ಧದಷ್ಟು ಮಂದಿಗೆ ಈಸ್ಟ್ರೋಜೆನ್, ಉಳಿದವರಿಗೆ ಔಷಧಿಯಿಲ್ಲದ ಗುಳಿಗೆ. ಒಂದು ವರ್ಷದ ನಂತರ ಕೀಲುನೋವು ಇದೆ ಎಂದವರು ಬರಿಗುಳಿಗೆಯ ಗುಂಪಿನಲ್ಲಿ ನೂರಕ್ಕೆ 79, ಈಸ್ಟ್ರೋಜೆನ್ ಗುಂಪಿನಲ್ಲಿ 76. ವ್ಯತ್ಯಾಸ ನಿಜ, ಆದರೆ ನೂರರಲ್ಲಿ ಮೂವರದ್ದು. ಗರ್ಭಕೋಶ ಇರುವವರಿಗೆ ಈಸ್ಟ್ರೋಜೆನ್ ಜೊತೆ ಪ್ರೊಜೆಸ್ಟಿನ್ ಕೊಟ್ಟ ಇನ್ನೊಂದು ಭಾಗದಲ್ಲಿ, ಮೊದಲೇ ನೋವಿದ್ದವರ ಪೈಕಿ ಔಷಧಿ ತೆಗೆದುಕೊಂಡವರಲ್ಲಿ ನೂರಕ್ಕೆ 47 ಮಂದಿಗೆ ಆರಾಮ ಸಿಕ್ಕಿತು. ಬರಿಗುಳಿಗೆಯವರಲ್ಲೂ 38 ಮಂದಿಗೆ ಆರಾಮವಾಗಿತ್ತು. ಈ ಎರಡನೆಯ ಲೆಕ್ಕವನ್ನು ನಾವು ಮರೆಯಬಾರದು. ‘ಹಾರ್ಮೋನು ತಗೊಂಡೆ, ಮಂಡಿ ನೆಟ್ಟಗಾಯಿತು’ ಎಂದು ಹೇಳುವ ಹೆಂಗಸು ಸುಳ್ಳಾಡುತ್ತಿಲ್ಲ, ಆದರೆ ಹಾಗೆ ಹೇಳುವವರಲ್ಲಿ ಬಹುಪಾಲು ಮಂದಿಗೆ ಕಾಲವೇ ಆರಾಮ ಕೊಟ್ಟಿರಬಹುದು. ಆ ಅಧ್ಯಯನಕ್ಕೆ ಬಂದವರ ಸರಾಸರಿ ವಯಸ್ಸು 63 ಎಂಬುದೂ ನಿಜ. ಮುಟ್ಟು ಈಗಷ್ಟೇ ನಿಂತವರಲ್ಲಿ ಫಲ ಹೆಚ್ಚಿರಬಹುದು ಎಂಬ ಆಸೆಗೆ ಅಲ್ಲಿ ಜಾಗವಿದೆ. ಆದರೂ ಇಷ್ಟು ಸಾಕ್ಷಿಯನ್ನು ಕೈಯಲ್ಲಿಟ್ಟುಕೊಂಡು, ಬರೀ ಸಂದುನೋವಿಗಾಗಿ ಹಾರ್ಮೋನು ಕೊಡಿ ಎಂದು ನಾನು ವಾದಿಸಲಾರೆ. ಮೈ ಭಗ್ಗೆಂದು ಕಾದು ಬೆವೆತು ನಿದ್ದೆ ಹಾಳಾಗುವ ತೊಂದರೆಗೆ ಹಾರ್ಮೋನಿನಷ್ಟು ಒಳ್ಳೆಯ ಮದ್ದು ಇನ್ನೊಂದಿಲ್ಲ. ಆ ತೊಂದರೆಯೂ ಇದ್ದು ಸಂದುನೋವೂ ಇದ್ದರೆ ಒಂದೇ ಗುಳಿಗೆಯಿಂದ ಎರಡಕ್ಕೂ ಫಲ ಸಿಕ್ಕೀತು. ನಿದ್ದೆ ಮರಳಿದರೆ ನೋವು ತಡೆಯುವ ಶಕ್ತಿಯೂ ಮರಳುತ್ತದೆ.

ಇಲ್ಲಿಯವರೆಗಿನ ಮಾತು ಮುಟ್ಟು ತಾನಾಗಿ ನಿಂತವರದ್ದು. ಈ ಗಡಿಸೀಮೆಯ ನಿಜವಾದ ಕಥೆ ಬೇರೆ ಇದೆ, ಬೆಂಗಳೂರು ಮುಂಬಯಿಗಳ ವೈದ್ಯಕೀಯ ಅಂಕಣಗಳಲ್ಲಿ ಅದು ಬರುವುದೇ ಅಪರೂಪ. ಮರಾಠವಾಡದ ಬೀಡ ಜಿಲ್ಲೆಯಲ್ಲಿ ಕಬ್ಬು ಕಡಿಯಲು ಹೋಗುವ ಹೆಂಗಸರ ಬಗ್ಗೆ 2019ರಲ್ಲಿ ಸರ್ಕಾರವೇ ನಡೆಸಿದ ಸಮೀಕ್ಷೆಯಲ್ಲಿ, 82 ಸಾವಿರಕ್ಕೂ ಹೆಚ್ಚು ಮಂದಿಯಲ್ಲಿ 13 ಸಾವಿರಕ್ಕೂ ಹೆಚ್ಚು ಮಂದಿ ಗರ್ಭಕೋಶ ಕಳೆದುಕೊಂಡಿದ್ದು ಕಂಡಿತು. ಅದಕ್ಕೂ ಮೊದಲು, 2015ರಲ್ಲಿ, ಕಲಬುರಗಿ ಜಿಲ್ಲೆಯ ತಾಂಡಾಗಳ ಲಂಬಾಣಿ ಹೆಂಗಸರು ಇದೇ ದೂರು ಹೊತ್ತು ಮುಂದೆ ಬಂದಿದ್ದರು. ಬಿಳಿ ಹೋಗುತ್ತದೆ, ಹೊಟ್ಟೆ ನೋಯುತ್ತದೆ ಎಂದು ಖಾಸಗಿ ಆಸ್ಪತ್ರೆಗೆ ಹೋದವರು ಚೀಲ, ಅಂದರೆ ಗರ್ಭಕೋಶ, ತೆಗೆಸಿಕೊಂಡು ಮರಳಿದ್ದರು. ಗರ್ಭಕೋಶದ ಜೊತೆ ಅಂಡಾಶಯಗಳೂ ಹೋದರೆ ಈಸ್ಟ್ರೋಜೆನ್ ಒಂದೆರಡು ದಿನಗಳಲ್ಲೇ ಪಾತಾಳಕ್ಕೆ ಇಳಿಯುತ್ತದೆ. ತಾನಾಗಿ ನಿಲ್ಲುವ ಮುಟ್ಟಿನಲ್ಲಿ ದೇಹಕ್ಕೆ ಹೊಂದಿಕೊಳ್ಳಲು ಹಲವು ವರ್ಷಗಳ ಅವಕಾಶವಿರುತ್ತದೆ, ಇಲ್ಲಿ ಅದಿಲ್ಲ. ಅಂಡಾಶಯ ಉಳಿಸಿದ್ದರೂ ಅದು ಸರಾಸರಿಗಿಂತ ಸ್ವಲ್ಪ ಮೊದಲೇ ಕೆಲಸ ನಿಲ್ಲಿಸುತ್ತದೆ, ಆದರೆ ಮುಟ್ಟು ಮೊದಲೇ ನಿಂತಿರುವುದರಿಂದ ಅದು ಯಾವಾಗ ನಿಂತಿತೆಂದು ಆಕೆಗೂ ತಿಳಿಯುವುದಿಲ್ಲ, ವೈದ್ಯರಿಗೂ ತಿಳಿಯುವುದಿಲ್ಲ. ಮೂವತ್ತೈದಕ್ಕೆ ಚೀಲ ತೆಗೆಸಿಕೊಂಡು ನಲವತ್ತಕ್ಕೆ ಮೈಯೆಲ್ಲ ಹಿಡಿದುಕೊಂಡ ಹೆಂಗಸು ‘ನನಗಿನ್ನೂ ವಯಸ್ಸಾಗಿಲ್ಲವಲ್ಲ’ ಎಂದು ಬೆರಗಾಗುವುದು ಇದರಿಂದ.

ಈ ಹೆಂಗಸಿನ ವಿಷಯದಲ್ಲಿ ಲೆಕ್ಕ ಪೂರ್ತಿ ತಿರುಗುತ್ತದೆ. ನಲವತ್ತೈದಕ್ಕೂ ಮೊದಲು ಎರಡೂ ಅಂಡಾಶಯ ಕಳೆದುಕೊಂಡವರಿಗೆ, ವಿರೋಧ ಕಾರಣ ಇಲ್ಲದಿದ್ದರೆ, ಮುಟ್ಟು ಸಹಜವಾಗಿ ನಿಲ್ಲುವ ವಯಸ್ಸಿನವರೆಗೆ ಹಾರ್ಮೋನು ಕೊಡಬೇಕೆಂಬುದು ಇಂದು ಬಹುತೇಕ ಎಲ್ಲ ದೇಶಗಳ ಮಾರ್ಗಸೂಚಿಗಳ ಮಾತು. ಕಾರಣ ನೋವಲ್ಲ, ಮೂಳೆ ಮತ್ತು ಹೃದಯ. ಅಮೆರಿಕದ ಮಿನೆಸೋಟದಲ್ಲಿ ಮೇಯೊ ಕ್ಲಿನಿಕ್ ದಶಕಗಳ ಕಾಲ ನಡೆಸಿದ ಅಧ್ಯಯನದಲ್ಲಿ, ಹೀಗೆ ಬೇಗ ಅಂಡಾಶಯ ತೆಗೆಸಿಕೊಂಡು ಈಸ್ಟ್ರೋಜೆನ್ ಪಡೆಯದವರಲ್ಲಿ ಹೃದಯ ಸಂಬಂಧಿ ಸಾವು ಹೆಚ್ಚಾಗಿದ್ದುದು ಕಂಡುಬಂತು. ಈ ಹೆಂಗಸಿಗೆ ಹಾರ್ಮೋನು ಎಂದರೆ ದೇಹ ತಾನೇ ಇನ್ನೂ ಹತ್ತು ಹದಿನೈದು ವರ್ಷ ಮಾಡಬೇಕಾಗಿದ್ದುದನ್ನು ಹೊರಗಿನಿಂದ ಮಾಡಿಕೊಡುವುದು. ಕೀಲುನೋವು ಇಳಿದರೆ ಅದು ಮೇಲಿನ ಲಾಭ.

‘ಕ್ಯಾನ್ಸರ್ ಬಂದರೆ?’ ಎಂಬ ಪ್ರಶ್ನೆ ಎಲ್ಲಕ್ಕಿಂತ ಮೊದಲು ಬರುತ್ತದೆ, ಬರಬೇಕು ಕೂಡ. ಭಯದ ಮೂಲ 2002ರ ಜುಲೈ. ಅದೇ ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್ ಅಧ್ಯಯನದಲ್ಲಿ ಈಸ್ಟ್ರೋಜೆನ್, ಪ್ರೊಜೆಸ್ಟಿನ್ ಎರಡನ್ನೂ ಕೊಡುತ್ತಿದ್ದ 16,608 ಹೆಂಗಸರ ಪರೀಕ್ಷೆಯನ್ನು ಅಂದು ನಡುವೆಯೇ ನಿಲ್ಲಿಸಲಾಯಿತು. ಹತ್ತು ಸಾವಿರ ಮಂದಿ ಒಂದು ವರ್ಷ ಔಷಧಿ ತೆಗೆದುಕೊಂಡರೆ ಸ್ತನ ಕ್ಯಾನ್ಸರ್ 30ರಿಂದ 38ಕ್ಕೆ ಏರುತ್ತದೆ ಎಂಬುದು ಅಲ್ಲಿಯ ಲೆಕ್ಕ. ಇದು ಸಣ್ಣದು, ಆದರೆ ಇಲ್ಲವೆನ್ನುವಂತಿಲ್ಲ. ಇದೇ ಅಧ್ಯಯನದ ಗರ್ಭಕೋಶವಿಲ್ಲದವರ ಭಾಗದಲ್ಲಿ, ಅಂದರೆ ಈಸ್ಟ್ರೋಜೆನ್ ಒಂದನ್ನೇ ಪಡೆದವರಲ್ಲಿ, ಸ್ತನ ಕ್ಯಾನ್ಸರ್ ಹೆಚ್ಚಲಿಲ್ಲ. ದೀರ್ಘಕಾಲದ ಅನುಸರಣೆಯಲ್ಲಿ ಕಡಿಮೆಯೇ ಕಂಡಿತು. ಅಲ್ಲಿ ಹೆಚ್ಚಿದ್ದು ಪಾರ್ಶ್ವವಾಯು, ಹತ್ತು ಸಾವಿರಕ್ಕೆ ವರ್ಷಕ್ಕೆ 12ರಷ್ಟು. 2004ರಲ್ಲಿ ಅದನ್ನು ನಿಲ್ಲಿಸಿದ್ದು ಅದಕ್ಕಾಗಿ. ಆದರೆ ಅರವತ್ತು ಎಪ್ಪತ್ತು ದಾಟಿದವರೂ ಇದ್ದ ಗುಂಪಿನ ಈ ಅಂಕಿಗಳನ್ನು ಮೂವತ್ತೆಂಟರ ಹೆಂಗಸಿನ ಮೇಲೆ ಹೇರುವುದು ತಪ್ಪು. ಚರ್ಮದ ಮೂಲಕ ಒಳಹೋಗುವ ಜೆಲ್ ಅಥವಾ ಪಟ್ಟಿಯಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಗುಳಿಗೆಗಿಂತ ಕಡಿಮೆ. 2025ರ ನವೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಈ ಔಷಧಿಗಳ ಪೊಟ್ಟಣದ ಮೇಲಿನ ಹೃದ್ರೋಗ, ಸ್ತನ ಕ್ಯಾನ್ಸರ್ ಎಚ್ಚರಿಕೆಯ ಚೌಕಟ್ಟನ್ನು ತೆಗೆಸಲು ಮುಂದಾದುದು ಸುದ್ದಿಯಾಯಿತು. ಅದನ್ನು ‘ಎಲ್ಲರೂ ತಗೊಳ್ಳಿ’ ಎಂಬ ಕರೆಯೆಂದು ಓದಿಕೊಳ್ಳಬಾರದು. ಸ್ತನ ಕ್ಯಾನ್ಸರ್ ಆದವರು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ್ದವರು, ಪಾರ್ಶ್ವವಾಯು ಅಥವಾ ಹೃದಯಾಘಾತ ಆದವರು, ಯಕೃತ್ತಿನ ಕಾಯಿಲೆ ಇರುವವರು, ಕಾರಣ ತಿಳಿಯದ ರಕ್ತಸ್ರಾವ ಇರುವವರು ಇದರಿಂದ ದೂರವಿರಬೇಕು. ಗರ್ಭಕೋಶ ಇರುವವರು ಈಸ್ಟ್ರೋಜೆನ್ ಒಂದನ್ನೇ ತೆಗೆದುಕೊಂಡರೆ ಗರ್ಭಕೋಶದ ಒಳಪದರದಲ್ಲಿ ಕ್ಯಾನ್ಸರ್ ಆಗಬಹುದು. ಅವರಿಗೆ ಪ್ರೊಜೆಸ್ಟರಾನ್ ಅಥವಾ ಪ್ರೊಜೆಸ್ಟಿನ್ ಜೊತೆಗಿರಲೇಬೇಕು. ಅಕ್ಕಪಕ್ಕದವರ ಚೀಟಿ ತೋರಿಸಿ ಔಷಧಿ ಅಂಗಡಿಯಲ್ಲಿ ಕೊಳ್ಳುವ ಮಾತ್ರೆ ಇದಲ್ಲ.

‘ನಮ್ಮ ಅವ್ವಂದಿರು ಏನೂ ತಗೊಳ್ಳದೆ ಬಾಳಲಿಲ್ಲವೆ?’ ಎನ್ನುವವರ ಮಾತಿನಲ್ಲಿ ಒಂದು ಪಾಲು ಸತ್ಯವಿದೆ. ಐವತ್ತಕ್ಕೆ ಮುಟ್ಟು ನಿಂತು, ನಿದ್ದೆ ಚೆನ್ನಾಗಿದ್ದು, ಮಂಡಿ ಮಾತ್ರ ನೋಯುವ ಹೆಂಗಸಿಗೆ ಹಾರ್ಮೋನು ಬೇಡ ಎಂದು ನಾನೂ ಹೇಳುತ್ತೇನೆ. ಆದರೆ ಮೂವತ್ತೆರಡಕ್ಕೆ ಅಂಡಾಶಯ ತೆಗೆಸಿಕೊಂಡದ್ದು ಪ್ರಕೃತಿಯ ಕೆಲಸವಲ್ಲ; ಅವ್ವಂದಿರ ಕಾಲದಲ್ಲಿ ಹಳ್ಳಿಯಲ್ಲಿ ಹೀಗೆ ಆಗುತ್ತಿದ್ದುದು ಅಪರೂಪ.

ಇದಕ್ಕಿಂತ ಬಲವಾದ ಆಕ್ಷೇಪ ಸೌಕರ್ಯದ್ದು. ಮ್ಯಾಮೊಗ್ರಾಮ್ ಇಲ್ಲದ, ಸ್ತ್ರೀರೋಗತಜ್ಞರು ದೂರವಿರುವ ಊರಿನಲ್ಲಿ ಹಾರ್ಮೋನು ಶುರುಮಾಡುವುದು ಅಪಾಯವಲ್ಲವೇ? ಇದಕ್ಕೆ ಉತ್ತರಿಸುವ ಮೊದಲು, ಆ ಊರಿನ ಹೆಂಗಸು ಹಾರ್ಮೋನು ಇಲ್ಲದಿದ್ದರೆ ಏನು ತೆಗೆದುಕೊಳ್ಳುತ್ತಾಳೆ ಎಂದು ನೋಡಬೇಕು. ಅವಳು ಸುಮ್ಮನಿರುವುದಿಲ್ಲ, ಇರಲು ಕೂಲಿ ಬಿಡುವುದಿಲ್ಲ. ಡೈಕ್ಲೊಫಿನಾಕ್‌ನಂಥ ನೋವಿನ ಗುಳಿಗೆಯನ್ನು ತಿಂಗಳುಗಟ್ಟಲೆ ನುಂಗುತ್ತಾಳೆ. ಅದರಿಂದ ಹೊಟ್ಟೆಯಲ್ಲಿ ಹುಣ್ಣು, ಮೂತ್ರಪಿಂಡಕ್ಕೆ ಪೆಟ್ಟು, ರಕ್ತದೊತ್ತಡದ ಏರಿಕೆ. ಇಲ್ಲವೇ ಹೆಸರಿಲ್ಲದ ಪುಡಿ, ಬಿಡಿ ಗುಳಿಗೆ. ಒಂದೇ ದಿನದಲ್ಲಿ ನೋವು ಮಾಯವಾದರೆ ಅದರಲ್ಲಿ ಸ್ಟಿರಾಯ್ಡ್ ಇರುವ ಸಾಧ್ಯತೆ ಬಹಳ. ಸ್ಟಿರಾಯ್ಡ್ ಮೂಳೆಯನ್ನೇ ತಿನ್ನುತ್ತದೆ, ಸಕ್ಕರೆ ಏರಿಸುತ್ತದೆ. ಈಸ್ಟ್ರೋಜೆನ್ ಹೋಗಿ ಆಗಲೇ ಸವೆಯುತ್ತಿರುವ ಮೂಳೆಗೆ ಇದೂ ಸೇರಿದರೆ ಗತಿ ಏನು? ಅವಳು ತೂಗಿ ನೋಡಬೇಕಾದದ್ದು ಹಾರ್ಮೋನನ್ನು ಈ ಪುಡಿಯ ಎದುರು. ಇನ್ನು ತಪಾಸಣೆ: ಹಾರ್ಮೋನು ಶುರುಮಾಡಲು ಮುಖ್ಯವಾಗಿ ಬೇಕಾದದ್ದು ಸರಿಯಾದ ವಿಚಾರಣೆ, ರಕ್ತದೊತ್ತಡದ ಅಳತೆ, ತೂಕ, ಸ್ತನವನ್ನು ಕೈಯಿಂದ ಪರೀಕ್ಷಿಸುವುದು. ಮೂವತ್ತು ದಾಟಿದ ಎಲ್ಲರಿಗೂ ರಕ್ತದೊತ್ತಡ, ಸಕ್ಕರೆ, ಸ್ತನದ ತಪಾಸಣೆ ಮಾಡಬೇಕೆಂಬುದು ಸರ್ಕಾರದ್ದೇ ಕಾರ್ಯಕ್ರಮ, ಆಶಾ ಕಾರ್ಯಕರ್ತೆಯರು ಅದರ ನಮೂನೆ ತುಂಬಿಸುತ್ತಿದ್ದಾರೆ. ಮೊದಲ ಚೀಟಿಗಾಗಿ ಲಾತೂರಿನ, ಸೊಲ್ಲಾಪುರದ ಅಥವಾ ಕಲಬುರಗಿಯ ಸರ್ಕಾರಿ ವೈದ್ಯಕೀಯ ಕಾಲೇಜಿಗೆ ಹೋದರೂ, ನಂತರದ ತಪಾಸಣೆ ಊರಿನ ಹತ್ತಿರವೇ ನಡೆಯಬಲ್ಲದು.

ತಾನಾಗಿ ಮುಟ್ಟು ನಿಂತವರು ಹಾರ್ಮೋನಿನ ಮಾತಿಗಿಂತ ಮೊದಲು ನೋವಿನ ಬೇರೆ ಕಾರಣಗಳನ್ನು ಹುಡುಕಿಸಬೇಕು. ಬೆರಳ ಗಿಣ್ಣುಗಳು ಊದಿ, ಬೆಳಗಿನ ಬಿಗಿತ ಗಂಟೆಗಟ್ಟಲೆ ಬಿಡದಿದ್ದರೆ ಅದು ರುಮಟಾಯ್ಡ್ ಸಂಧಿವಾತ ಇರಬಹುದು. ಅದಕ್ಕೆ ತಡಮಾಡಿದರೆ ಕೀಲು ಸೊಟ್ಟಗಾಗುತ್ತದೆ, ಹಾರ್ಮೋನು ಅದಕ್ಕೆ ಮದ್ದಲ್ಲ. ಥೈರಾಯ್ಡ್ ಕೊರತೆ, ವಿಟಮಿನ್ ಡಿ ಕೊರತೆ, ಭುಜ ಹಿಡಿಸುವ ಸಕ್ಕರೆ ಕಾಯಿಲೆ, ಹಿಂದೆ ಬಂದುಹೋದ ಚಿಕುನ್‌ಗುನ್ಯ ಎಲ್ಲವೂ ಇದೇ ವೇಷದಲ್ಲಿ ಬರುತ್ತವೆ. ಮಂಡಿ ಸವೆತಕ್ಕೆ ತೊಡೆಯ ಸ್ನಾಯು ಬಲಪಡಿಸುವ ವ್ಯಾಯಾಮ ಮತ್ತು ತೂಕ ಇಳಿಕೆಗಳ ಹಿಂದಿರುವ ಸಾಕ್ಷಿ ಹಾರ್ಮೋನಿನದಕ್ಕಿಂತ ಗಟ್ಟಿ. ದಿನವಿಡೀ ದುಡಿಯುವವಳಿಗೆ ವ್ಯಾಯಾಮ ಯಾಕೆ ಎನ್ನಬಹುದು. ಕುಕ್ಕುರುಗಾಲಿನಲ್ಲಿ ಕಳೆ ಕೀಳುವುದು ಮಂಡಿಯನ್ನು ಸವೆಸುತ್ತದೆ, ಕುರ್ಚಿಯಲ್ಲಿ ಕುಳಿತು ಕಾಲು ನೀಟಾಗಿ ಚಾಚಿ ಹಿಡಿಯುವುದು ತೊಡೆಯನ್ನು ಬಲಪಡಿಸುತ್ತದೆ. ಈ ಸೀಮೆಯ ಹೊಲಗಳ ತುಂಬ ಬೆಳೆಯುವ ಸೋಯಾಬೀನಿನಲ್ಲಿ ಈಸ್ಟ್ರೋಜೆನ್ನನ್ನು ಹೋಲುವ ಅಂಶಗಳಿವೆ ಎಂದು ಹೇಳಿ ಪುಡಿ ಮಾರುವವರೂ ಇದ್ದಾರೆ. ಮೈ ಕಾಯುವುದಕ್ಕೆ ಅದರಿಂದ ಅಲ್ಪ ಉಪಯೋಗ ಇದ್ದೀತು, ಸಂದುನೋವಿಗೆ ನಂಬುವಂಥ ಸಾಕ್ಷಿ ಇಲ್ಲ. ಲಾತೂರಿನ ಅಡತಿಗೆ ಹೋಗುವ ಕಾಳಿನಲ್ಲಿ ಒಂದಿಷ್ಟು ಮನೆಯಲ್ಲೇ ಉಳಿದರೆ ಪ್ರೋಟೀನಾದರೂ ಸಿಗುತ್ತದೆ, ಸ್ನಾಯುವಿಗೆ ಅದು ಬೇಕೇ ಬೇಕು. ಇಷ್ಟೆಲ್ಲ ಆದ ಮೇಲೂ ನೋವು ಉಳಿದು, ಜೊತೆಗೆ ಮೈ ಕಾಯುವುದೂ ನಿದ್ದೆಗೇಡೂ ಇದ್ದು, ವಯಸ್ಸು ಅರವತ್ತರೊಳಗೆ, ಮುಟ್ಟು ನಿಂತು ಹತ್ತು ವರ್ಷದೊಳಗೆ ಇದ್ದರೆ, ಮೂರರಿಂದ ಆರು ತಿಂಗಳು ಪ್ರಯೋಗ ಮಾಡಿ ನೋಡುವುದು ನ್ಯಾಯ. ಆಗಲೂ ಫಲ ಕಾಣದಿದ್ದರೆ ವೈದ್ಯರನ್ನು ಕೇಳಿ ನಿಲ್ಲಿಸಬಹುದು.

ಶಸ್ತ್ರಚಿಕಿತ್ಸೆ ಆದವರು ಮೊದಲು ಹುಡುಕಬೇಕಾದದ್ದು ಆಸ್ಪತ್ರೆಯ ಡಿಸ್ಚಾರ್ಜ್ ಕಾರ್ಡು. ಅಂಡಾಶಯ ತೆಗೆದರೋ ಬಿಟ್ಟರೋ ಎಂಬ ಒಂದು ಸಾಲು ಅದರಲ್ಲಿ ಇರಬೇಕು. ಎಷ್ಟೋ ಮಂದಿಯ ಕೈಯಲ್ಲಿ ಆ ಕಾಗದವೇ ಇರುವುದಿಲ್ಲ, ಇದ್ದರೂ ಅದು ಓದಲು ಬಾರದ ಭಾಷೆಯಲ್ಲಿರುತ್ತದೆ. ಅಂಥವರು ಸೊನೊಗ್ರಫಿ ಮತ್ತು ರಕ್ತದಲ್ಲಿ ಎಫ್‌ಎಸ್‌ಎಚ್ ಎಂಬ ಹಾರ್ಮೋನಿನ ಪರೀಕ್ಷೆ ಮಾಡಿಸಿ ತಿಳಿದುಕೊಳ್ಳಬಹುದು. ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯಲು ಕೇಂದ್ರ ಆರೋಗ್ಯ ಇಲಾಖೆ 2022ರಲ್ಲಿ ಮಾಡಿದ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಜಾರಿಗೆ ತರಬೇಕೆಂದು ಸುಪ್ರೀಂ ಕೋರ್ಟ್ 2023ರ ಏಪ್ರಿಲಿನಲ್ಲಿ ಆದೇಶಿಸಿತು. ಮುಂದೆ ಆಗುವುದನ್ನು ಅದು ತಡೆದೀತು. ಆಗಲೇ ಆಗಿಹೋದವರಿಗೆ, ಬೀಡದಲ್ಲಿ, ಕಲಬುರಗಿಯಲ್ಲಿ, ಇವೆರಡರ ನಡುವಿನ ಸಾಸ್ತೂರದಂಥ ಊರುಗಳಲ್ಲಿ, ಯಾರಾದರೂ ಮನೆಬಾಗಿಲಿಗೆ ಬಂದು ‘ನಿನ್ನ ಅಂಡಾಶಯ ಇದೆಯೇ, ನಿನಗೆ ಹಾರ್ಮೋನು ಕೊಟ್ಟಿದ್ದಾರೆಯೇ’ ಎಂದು ಕೇಳುವ ಕಾರ್ಯಕ್ರಮವಿಲ್ಲ. ಮೂವತ್ತು ದಾಟಿದವರ ವಿವರ ಬರೆದುಕೊಳ್ಳುವ ಆಶಾ ಕಾರ್ಯಕರ್ತೆಯ ಆ ನಮೂನೆಯಲ್ಲೇ ಈ ಎರಡು ಪ್ರಶ್ನೆಗಳನ್ನು ಸೇರಿಸಲು ಮಹಾರಾಷ್ಟ್ರಕ್ಕೂ ಕರ್ನಾಟಕಕ್ಕೂ ಹೊಸ ಯೋಜನೆಯಾಗಲಿ ಹೊಸ ಕಟ್ಟಡವಾಗಲಿ ಬೇಕಾಗಿಲ್ಲ.